ಮೊದಲ ತಿಂಗಳು ನಟನೆಗೆ ರಜೆ

ನಾಟಕ ಶಾಲೆಯ ಮೊದಲ ದಿನ ಯಾರೂ ನಾಟಕ ಮಾಡುವುದಿಲ್ಲ. ಕಸಬರಿಗೆ ಹಿಡಿಯುತ್ತಾರೆ. ರಂಗದ ನೆಲ ಗುಡಿಸಿ, ಒರೆಸಿ, ಅದೇ ನೆಲದ ಮೇಲೆ ಬರಿಗಾಲಲ್ಲಿ ಗೋಡೆಯಿಂದ ಗೋಡೆಗೆ ನಡೆಯುತ್ತಾರೆ. ಸರಿಯಾಗಲಿಲ್ಲ ಎಂದು ಮೇಷ್ಟ್ರು ಮತ್ತೆ ನಡೆಸುತ್ತಾರೆ. ಊರ ಜಾತ್ರೆಯಲ್ಲಿ ದುರ್ಯೋಧನನ ಪಾರ್ಟು ಮಾಡಿ ಸೀಟಿ ಹೊಡೆಸಿಕೊಂಡು ಬಂದ ಹುಡುಗನಿಗೆ ಇದು ತಲೆಗೆ ಹತ್ತುವುದಿಲ್ಲ. ನಿನಗೆ ನಡೆಯಲು ಬರುವುದಿಲ್ಲ ಎಂದು ಅವನಿಗೆ ಅಲ್ಲಿಯವರೆಗೆ ಯಾರೂ ಹೇಳಿರುವುದಿಲ್ಲ.

ಒಂದು ರಂಗಶಾಲೆ ಎಂಥದ್ದು ಎಂದು ತಿಳಿಯಲು ವರ್ಷದ ಕೊನೆಯ ನಾಟಕ ನೋಡುವವರೇ ಹೆಚ್ಚು. ನಾನು ಮೊದಲ ತಿಂಗಳ ದಿನಚರಿ ಕೇಳುತ್ತೇನೆ. ಕೊನೆಯ ನಾಟಕದಲ್ಲಿ ದೀಪ, ಸಂಗೀತ, ನಿರ್ದೇಶಕರ ಜಾಣತನ ಎಲ್ಲ ಸೇರಿ ಎಳೆಯ ನಟನ ಕೊರತೆ ಮುಚ್ಚಿಬಿಡಬಹುದು. ಮೊದಲ ತಿಂಗಳಲ್ಲಿ ಮುಚ್ಚಿಕೊಳ್ಳಲು ಏನೂ ಇರುವುದಿಲ್ಲ.

ಈ ಮಾತಿಗೆ ಇದೇ ಸಮಯ. ಬೀದರ್ ಜಿಲ್ಲೆಯ ಕೊಹಿನೂರ ಹೋಬಳಿಯ ಹೊಲಗಳಲ್ಲಿ ಮುಂಗಾರು ಬಿತ್ತನೆಯ ಗದ್ದಲ. ತೊಗರಿ, ಉದ್ದು, ಹೆಸರು, ಸೋಯಾ ಎಲ್ಲಕ್ಕೂ ಹದ ಬರುವುದು ಒಟ್ಟಿಗೇ. ರಂಗಶಾಲೆಗಳ ಅರ್ಜಿ, ಸಂದರ್ಶನ, ಪ್ರವೇಶಗಳು ಬರುವುದೂ ಬೇಸಿಗೆಯ ಕೊನೆಯಿಂದ ಮಳೆಗಾಲದ ನಡುವೆಯೇ. ಮನೆಯಲ್ಲಿ ಎರಡು ಕೈ ಕಡಿಮೆ ಬಿದ್ದಾಗಲೇ ಮಗ ‘ನಾಟಕ ಕಲಿಯಾಕ ಹೋಗ್ತೀನಿ’ ಅನ್ನುತ್ತಾನೆ. ಅಪ್ಪನ ಸಿಟ್ಟಿಗೆ ಅರ್ಧ ಕಾರಣ ನಾಟಕ, ಇನ್ನರ್ಧ ಕಾರಣ ಹಸಿ ಆರುತ್ತಿರುವ ಹೊಲ.

ಹೊರಟವನಿಗೆ ದಾರಿಗಳೂ ವಿಚಿತ್ರವಾಗಿವೆ. ಅದೇ ಜಿಲ್ಲೆಯ ಹುಮನಾಬಾದಿನ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪಶ್ಚಿಮಕ್ಕೆ ಸುಮಾರು 400 ಕಿಲೋಮೀಟರ್ ಹೋದರೆ ಪುಣೆ. ಅಲ್ಲಿ ಪ್ರಭಾತ್ ಸ್ಟುಡಿಯೊದ ಆವರಣದಲ್ಲಿ 1960ರಲ್ಲಿ ಆರಂಭವಾದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಫಾರ್ಮಸಿ ಓದಿದ್ದ ಗಿರೀಶ ಕಾಸರವಳ್ಳಿ ಅಲ್ಲಿ ಸಿನಿಮಾ ಕಲಿತು 1975ರಲ್ಲಿ ಹೊರಬಂದರು. 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಗಿರೀಶ ಕಾರ್ನಾಡರು ಆ ಸಂಸ್ಥೆಯ ನಿರ್ದೇಶಕರಾಗಿದ್ದದ್ದೂ ಆ ಕಾಲದಲ್ಲೇ. ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೊರಟರೆ ಹೈದರಾಬಾದ್. ನಗರ ದಾಟಿದರೆ ರಾಮೋಜಿ ಫಿಲ್ಮ್ ಸಿಟಿ. ಅಂದರೆ ನಮ್ಮ ಹುಡುಗನ ಮನೆಮುಂದಿನ ರಸ್ತೆಯ ಎರಡೂ ಕಡೆ ಸಿನಿಮಾ. ಕನ್ನಡದ ಹೆಚ್ಚಿನ ರಂಗಶಾಲೆಗಳು ದೂರದ ದಕ್ಷಿಣದಲ್ಲಿ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು 1980ರಲ್ಲಿ ಶುರುಮಾಡಿದ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಇಲ್ಲಿಂದ 500 ಕಿಲೋಮೀಟರಿಗೂ ಹೆಚ್ಚು. ಸಾಣೇಹಳ್ಳಿಯ ರಂಗಶಾಲೆ, ಮೈಸೂರಿನ ರಂಗಾಯಣ, ಬೆಂಗಳೂರಿನ ರಾಷ್ಟ್ರೀಯ ನಾಟಕ ಶಾಲೆಯ ಕೇಂದ್ರ ಯಾವುದೂ ಒಂದು ಹಗಲಿನ ದಾರಿಯಲ್ಲ. ಹತ್ತಿರವೆಂದರೆ ಕಲಬುರಗಿಯ ರಂಗಾಯಣ. ಹುಮನಾಬಾದಿನಿಂದ 60 ಕಿಲೋಮೀಟರಿನ ಆಸುಪಾಸು, 2017ರಿಂದ ರೈಲೂ ಇದೆ.

ಇಷ್ಟು ದೂರ ಹೋಗಿ ಕಸ ಗುಡಿಸುವುದೇ? ಹೌದು. ಅದಕ್ಕೆ ಕಾರಣವಿದೆ.

ಹವ್ಯಾಸಿ ನಟ ಶಾಲೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ತಾನು ನೋಡಿ ಮೆಚ್ಚಿದ ನಟರ ಗತ್ತುಗಳನ್ನು ಮೈತುಂಬ ಹೊತ್ತು ಬರುತ್ತಾನೆ. ಕೋಪಕ್ಕೆ ಒಂದು ಹುಬ್ಬು, ದುಃಖಕ್ಕೆ ಒಂದು ನಡುಕ, ಪ್ರೀತಿಗೆ ಒಂದು ಓರೆನೋಟ, ಎಲ್ಲ ಸಿದ್ಧವಾಗಿರುತ್ತವೆ. ಶಾಲೆಯ ಮೊದಲ ಕೆಲಸ ಈ ಸಿದ್ಧ ಸರಕನ್ನು ಬಳಸಲು ಬಿಡದಿರುವುದು. ಮಾತಿಲ್ಲದೆ, ಪಾತ್ರವಿಲ್ಲದೆ, ಕೈಯಲ್ಲಿ ಕೆಲಸ ಮಾತ್ರ ಇದ್ದಾಗ ಆ ಹುಬ್ಬು ತಾನಾಗಿ ಇಳಿಯುತ್ತದೆ. ಗುಡಿಸುವವನು ಗುಡಿಸುವ ‘ಅಭಿನಯ’ ಮಾಡಿದರೆ ಕಸ ಅಲ್ಲೇ ಉಳಿಯುತ್ತದೆ. ನೆಲವೇ ಅವನಿಗೆ ಮೇಷ್ಟ್ರು.

ರಷ್ಯದ ಸ್ತಾನಿಸ್ಲಾವ್‌ಸ್ಕಿ ಇದನ್ನೇ ಬೇರೆ ಬಗೆಯಲ್ಲಿ ತೋರಿಸಿದ್ದ. ನಟರ ತರಬೇತಿಯ ಬಗ್ಗೆ ಅವನು ಬರೆದ ಪುಸ್ತಕ ಕಾಲ್ಪನಿಕ ನಾಟಕ ಶಾಲೆಯೊಂದರ ವಿದ್ಯಾರ್ಥಿಯ ದಿನಚರಿಯ ರೂಪದಲ್ಲಿದೆ. ಅದರಲ್ಲಿ ಮಾರಿಯಾ ಎಂಬ ಹುಡುಗಿಗೆ ಪರದೆಯ ಮಡಿಕೆಯಲ್ಲಿ ಸಿಕ್ಕಿಸಿದ ಒಡವೆಪಿನ್ನು ಹುಡುಕಲು ಹೇಳುತ್ತಾರೆ. ಅವಳು ರಂಗದ ಮೇಲೆ ಓಡಾಡಿ, ತಲೆ ಹಿಡಿದು, ಎದೆ ಒತ್ತಿಕೊಂಡು ಭಾರೀ ಸಂಕಟ ತೋರಿಸುತ್ತಾಳೆ. ‘ಪಿನ್ನು ಎಲ್ಲಿ?’ ಎಂದು ಗುರು ಕೇಳಿದಾಗ ಅದನ್ನು ಹುಡುಕುವುದೇ ಅವಳಿಗೆ ಮರೆತಿರುತ್ತದೆ. ಅದು ಸಿಗದಿದ್ದರೆ ಶಾಲೆಯಲ್ಲಿ ನಿನಗೆ ಜಾಗವಿಲ್ಲ ಎಂದ ಮೇಲೆ ಅವಳು ಒಂದೊಂದೇ ಮಡಿಕೆ ಬಿಡಿಸಿ ನಿಜಕ್ಕೂ ಹುಡುಕುತ್ತಾಳೆ. ನೋಡುವವರ ಕಣ್ಣು ಕದಲದೆ ನಿಲ್ಲುವುದು ಈ ಎರಡನೇ ಸಲ. ಮೊದಲ ತಿಂಗಳ ಪಾಠವೆಲ್ಲ ಈ ಒಂದು ಪಿನ್ನಿನಲ್ಲಿದೆ.

ಹಾಗಾಗಿ ಒಳ್ಳೆಯ ಶಾಲೆಯ ದಿನ ಬೆಳಗಾಗುವ ಮೊದಲೇ ಶುರುವಾಗುತ್ತದೆ. ವ್ಯಾಯಾಮ, ಯೋಗ, ಧ್ವನಿಯ ಅಭ್ಯಾಸ, ತಾಳ, ಯಕ್ಷಗಾನದ ಹೆಜ್ಜೆಯೋ ಕಳರಿಯೋ ಒಂದು ಕಠಿಣ ಶಿಸ್ತು. ಹಗಲು ನಾಟಕ ಸಾಹಿತ್ಯ, ರಂಗ ಇತಿಹಾಸ. ಮಧ್ಯಾಹ್ನದ ಮೇಲೆ ಸುತ್ತಿಗೆ, ಮೊಳೆ, ಗರಗಸ. ಈ ಬಡಗಿ ಕೆಲಸವೇ ಬಹಳ ಜನಕ್ಕೆ ಬೇಸರ. ನಾಟ್ಯಶಾಸ್ತ್ರದ ಕತೆ ಅವರಿಗೆ ಹೇಳಬೇಕು. ಭರತಮುನಿ ತನ್ನ ನೂರು ಮಕ್ಕಳಿಗೆ ನಾಟ್ಯ ಕಲಿಸಿ ಇಂದ್ರಧ್ವಜದ ಹಬ್ಬದಲ್ಲಿ ಮೊದಲ ಪ್ರಯೋಗಕ್ಕೆ ಇಳಿಸಿದರೆ ವಿಘ್ನಗಳು ನುಗ್ಗಿ ನಟರ ಮಾತು, ಚಲನೆ, ನೆನಪು ಕಟ್ಟಿಹಾಕಿದವು. ಆಗ ಬ್ರಹ್ಮ ವಿಶ್ವಕರ್ಮನನ್ನು ಕರೆಸಿ ನಾಟ್ಯಮಂಟಪ ಕಟ್ಟಿಸಿದ. ಶಾಸ್ತ್ರದ ಎರಡನೇ ಅಧ್ಯಾಯ ಪೂರ್ತಿ ಮಂಟಪದ ಅಳತೆ, ಕಂಬ, ಕಟ್ಟಡದ ವಿಚಾರ. ರಸ, ಭಾವದ ಅಧ್ಯಾಯಗಳು ಅದಾದ ಮೇಲೆ. ತಾನು ನಿಲ್ಲುವ ಹಲಗೆಯ ಮೊಳೆ ಎಲ್ಲಿದೆ ಎಂದು ಬಲ್ಲ ನಟ ಅದರ ಮೇಲೆ ಬೇರೆಯೇ ಧೈರ್ಯದಿಂದ ನಿಲ್ಲುತ್ತಾನೆ.

ನಮ್ಮ ವೃತ್ತಿ ಕಂಪನಿಗಳಿಗೆ ಪಠ್ಯಕ್ರಮ ಇರಲಿಲ್ಲ, ಆದರೆ ಇದೇ ಕ್ರಮ ಇತ್ತು. ಕಂಪನಿ ಸೇರಿದ ಹುಡುಗ ಪರದೆ ಎಳೆದ, ಪೆಟ್ಟಿಗೆ ಹೊತ್ತ, ಹಾರ್ಮೋನಿಯಂ ಮಾಸ್ತರರ ಮುಂದೆ ಸ್ವರ ಹಿಡಿದ, ಕೊನೆಗೊಂದು ದಿನ ಬಾಲಪಾತ್ರ ಸಿಕ್ಕಿತು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಹೀಗೆ ತಲೆಮಾರುಗಳನ್ನೇ ತಯಾರುಮಾಡಿತು. ಮನೆ ಬಿಟ್ಟು ಬಂದ ಬಿ.ವಿ. ಕಾರಂತರು ಅಲ್ಲಿ ಬೆಳೆದು, ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಯಾಗಿ, ಅದರ ನಿರ್ದೇಶಕರೂ ಆದರು. 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಮುತ್ತುರಾಜ ಎಂಬ ಹುಡುಗ ಅಪ್ಪನ ಜೊತೆ ಅದೇ ಕಂಪನಿಯಲ್ಲಿ ಪಳಗಿ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆದದ್ದು ಎಲ್ಲರಿಗೂ ಗೊತ್ತು. ಆ ಚಿತ್ರದಲ್ಲಿ ಅವರ ಜೊತೆಗಿದ್ದ ನರಸಿಂಹರಾಜು, ಜಿ.ವಿ. ಅಯ್ಯರ್ ಕೂಡ ಕಂಪನಿಯ ನೆಲ ಗುಡಿಸಿದವರೇ. ಕ್ಯಾಮೆರಾ ಅವರ ಮುಂದೆ ಬರುವ ಹೊತ್ತಿಗೆ ಅವರ ಮೈ ಸಿದ್ಧವಾಗಿತ್ತು.

ಕೊಹಿನೂರಿನ ಕಡೆಯ ಮಕ್ಕಳ ಮೈ ಅಷ್ಟೇನೂ ಹಸಿಯಲ್ಲ. ಇದನ್ನು ಅವರಿಗೂ ಶಾಲೆಗಳಿಗೂ ನೆನಪಿಸಬೇಕು. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಪುರವಂತರನ್ನು ನೋಡಿದ್ದೀರಾ? ಕಾಲಿಗೆ ಗೆಜ್ಜೆ, ಕೈಯಲ್ಲಿ ಕತ್ತಿ, ಕಿವಿಗಡಚಿಕ್ಕುವ ವಾದ್ಯದ ನಡುವೆ ಉದ್ದುದ್ದ ಒಡಪು. ಮೈಕಿಲ್ಲದೆ ಕೊನೆಯ ಸಾಲಿಗೆ ಕೇಳಿಸಬೇಕು, ಹೆಜ್ಜೆ ತಪ್ಪಬಾರದು, ಉಸಿರು ನಡುವೆ ಹರಿಯಬಾರದು. ಧ್ವನಿಪಾಠದ ಮೇಷ್ಟ್ರು ಮೂರು ತಿಂಗಳು ತಿದ್ದಿ ತರುವ ಹೊಕ್ಕುಳ ಉಸಿರು ಅಲ್ಲಿ ಬೀದಿಯಲ್ಲೇ ಸಿಗುತ್ತದೆ. ಮೊಹರಂ ಬಂದರೆ ಅಲಾಯಿ ಕುಣಿತ, ಕರ್ಬಲಾ ಕತೆಯ ಪದಗಳು. ಊರಾಚೆಯ ಮಾಣಿಕನಗರದಲ್ಲಿ, 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿ ಎನ್ನದೆ ಪದ ಕಟ್ಟಿದರು. ಅಲ್ಲಿನ ದರ್ಬಾರಿನ ಸಂಗೀತ ಇಂದಿಗೂ ನಡೆದಿದೆ. ನಾಲ್ಕು ಭಾಷೆಗಳ ನಡುವೆ ದಿನನಿತ್ಯ ಹಾದುಹೋಗುವ ಕಿವಿ ಬೆಂಗಳೂರಿನ ಬಡಾವಣೆಯಲ್ಲಿ ಸುಲಭವಾಗಿ ಬೆಳೆಯುವುದಿಲ್ಲ.

ಇನ್ನೊಂದು ಆಸ್ತಿ ಇನ್ನೂ ಹಳೆಯದು. ಮೋಳಿಗೆಯ ಮಾರಯ್ಯ ಕಾಶ್ಮೀರದ ಅರಸನಾಗಿದ್ದ, ಎಲ್ಲ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆಯ ಹೊರೆ ಮಾರಿ ಬದುಕಿದ ಎನ್ನುತ್ತದೆ ಶರಣ ಪರಂಪರೆ. ಹುಮನಾಬಾದ್ ತಾಲ್ಲೂಕಿನ ಮೋಳಕೇರಾದ ಜನ ಅವನನ್ನು ತಮ್ಮವನೆಂದೇ ಹೇಳಿಕೊಳ್ಳುತ್ತಾರೆ. ನಾನು ರಂಗಶಾಲೆಯ ಮೇಷ್ಟ್ರಾಗಿದ್ದರೆ ಮೊದಲ ವಾರದ ಅಭ್ಯಾಸ ಇದನ್ನೇ ಕೊಡುತ್ತಿದ್ದೆ: ಅರಸನಾಗಿದ್ದವನು ಮೊದಲ ಬಾರಿ ಹೊರೆ ಎತ್ತುವುದು ಹೇಗೆ? ನಿಜವಾದ ಕಟ್ಟಿಗೆ, ನಿಜವಾದ ಭಾರ. ಅರಸುತನ ತೋರಿಸಲು ಹೋದವನ ಹೊರೆ ಜಾರುತ್ತದೆ. ಹೊರೆಯನ್ನು ಸರಿಯಾಗಿ ಹೊತ್ತವನ ಕತ್ತಿನಲ್ಲಿ, ಎಲ್ಲೋ ಒಂದು ಕಡೆ, ಅರಸು ಕಂಡರೂ ಕಂಡಾನು.

ಬಸವಕಲ್ಯಾಣ ನಮ್ಮ ರಂಗಭೂಮಿಗೆ ಕೊಟ್ಟ ವಸ್ತುವಂತೂ ಮುಗಿಯುವಂಥದ್ದಲ್ಲ. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಕಾರ್ನಾಡರ ‘ತಲೆದಂಡ’ ಮೂರೂ ಬಿಜ್ಜಳ, ಬಸವಣ್ಣರ ಕಲ್ಯಾಣದ ಸುತ್ತ ಹುಟ್ಟಿದವು. 1990ರ ‘ತಲೆದಂಡ’ವನ್ನು ರಾಮಗೋಪಾಲ ಬಜಾಜ್ ಹಿಂದಿಗೆ ತಂದರು; ಇಬ್ರಾಹಿಂ ಅಲ್ಕಾಜಿ ಅದನ್ನು ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ‘ರಕ್ತ ಕಲ್ಯಾಣ್’ ಎಂದು ಆಡಿಸಿದರು. ದೆಹಲಿಯ ನಟರು ಕಲ್ಯಾಣದ ಬೀದಿಯನ್ನು ಊಹಿಸಿ ನಡೆದರು. ಆ ಬೀದಿಯಲ್ಲೇ ಬೆಳೆದ ಹುಡುಗ ಸಂದರ್ಶನದ ಕೋಣೆಯಲ್ಲಿ ಬಾಯಿ ತೆರೆಯಲು ಹೆದರುತ್ತಾನೆ. ‘ಬರಲಕತ್ತೀನಿ’ ಅಂದರೆ ನಕ್ಕಾರು ಎಂಬ ಭಯ. ಸ್ಪಷ್ಟ ಉಚ್ಚಾರ ಕಲಿಸುವುದು ಶಾಲೆಯ ಧರ್ಮ, ಅಲ್ಪಪ್ರಾಣ ಮಹಾಪ್ರಾಣ ಕಲಿಯುವುದು ನಟನ ಕೆಲಸ. ಆದರೆ ಕಲಿಯುವುದೆಂದರೆ ಕೂಡಿಸಿಕೊಳ್ಳುವುದು. ಬೀದರದ ಮಾತನ್ನು ಕಳೆದು ಗ್ರಂಥದ ಮಾತು ತುಂಬುವ ಮೇಷ್ಟ್ರು ಒಬ್ಬ ನಟನಿಂದ ಅರ್ಧ ಆಸ್ತಿ ಕಿತ್ತುಕೊಂಡಂತೆ. ಮೊದಲ ತಿಂಗಳಲ್ಲಿ ಇಳಿಸಬೇಕಾದದ್ದು ಎರವಲು ಗತ್ತು ಮಾತ್ರ. ತಾಯಿಯ ಮಾತಿಗೆ ಕೈಹಚ್ಚಬಾರದು.

ಇನ್ನು ಪರದೆಯ ಅಕಾಡೆಮಿಗಳ ಮಾತು. ಜಿಲ್ಲಾ ಕೇಂದ್ರಗಳವರೆಗೂ ಈಗ ಇವುಗಳ ಫಲಕಗಳು ಬಂದಿವೆ. ಎಲ್ಲವನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ಕೆಲವು ಕಡೆ ಶ್ರದ್ಧೆಯ ಮೇಷ್ಟ್ರುಗಳಿದ್ದಾರೆ. ಆದರೆ ಮೊದಲ ದಿನವೇ ಕ್ಯಾಮೆರಾ ಮುಂದೆ ನಿಲ್ಲಿಸಿ, ಹೆಸರಾಂತ ನಟರ ಡೈಲಾಗು ಹೇಳಿಸಿ, ಆ ತುಣುಕನ್ನು ಮನೆಗೆ ಕಳಿಸುವ ಕಡೆ ಎಚ್ಚರ ಬೇಕು. ಪುಣೆಯಂಥ ಸಂಸ್ಥೆಯಲ್ಲೂ ನಟನೆಯ ಕೋರ್ಸು 1976ರಲ್ಲಿ ನಿಂತು, ಮತ್ತೆ ಶುರುವಾಗಲು 2004ರವರೆಗೆ ಕಾಯಬೇಕಾಯಿತು. ಪರದೆಗೆ ನಟರನ್ನು ತಯಾರಿಸುವುದು ಅಷ್ಟು ಸುಲಭದ ಕೆಲಸವಾಗಿದ್ದರೆ ಇಷ್ಟು ವರ್ಷ ಬೇಕಿತ್ತೇ? ದುಡ್ಡು ಕಟ್ಟುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ಮಕ್ಕಳು ವಾಸ ಇರುವುದು ಎಲ್ಲಿ? ಒಬ್ಬ ಮೇಷ್ಟ್ರಿಗೆ ಎಷ್ಟು ಮಕ್ಕಳು? ಹಿಂದಿನ ವರ್ಷ ಕಲಿತವರು ಈಗ ಏನು ಮಾಡುತ್ತಿದ್ದಾರೆ? ಬೆಳಿಗ್ಗೆ ಎಷ್ಟು ಗಂಟೆಗೆ ಎಬ್ಬಿಸುತ್ತೀರಿ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಚೆಕ್‌ಬುಕ್ ಒಳಗಿಡಿ.

ಕೆಲಸದ ಖಾತರಿಯನ್ನು ಯಾವ ಶಾಲೆಯೂ ಪ್ರಾಮಾಣಿಕವಾಗಿ ಕೊಡಲಾರದು. ಅದನ್ನು ಮನೆಯಲ್ಲಿ ಮೊದಲೇ ಮಾತಾಡಿ ಮುಗಿಸಿಕೊಳ್ಳಬೇಕು. ನೀನಾಸಂ 1985ರಲ್ಲಿ ‘ತಿರುಗಾಟ’ ಎಂಬ ಸಂಚಾರಿ ನಾಟಕ ತಂಡ ಶುರುಮಾಡಿದ್ದಕ್ಕೆ ಒಂದು ಕಾರಣ ಕಲಿತವರಿಗೆ ಆಡಲು ಜಾಗ ಬೇಕಿತ್ತು ಎಂಬುದೇ. ರೆಪರ್ಟರಿ, ಶಾಲೆಗಳ ರಂಗಶಿಕ್ಷಣ, ಧಾರಾವಾಹಿ, ಸಿನಿಮಾ, ಬೆಳಕಿನ ವಿನ್ಯಾಸ ಹೀಗೆ ದಾರಿಗಳಿವೆ, ಯಾವುದೂ ಅಗಲವಲ್ಲ. ಹೋಗುವವನಿಗೆ ಇದು ಗೊತ್ತಿದ್ದರೆ ಸಾಕು.

ಕೊಹಿನೂರಿನ ಅಪ್ಪ ಅಮ್ಮಂದಿರಿಗೆ ಕೊನೆಯದಾಗಿ ಒಂದು ಮಾತು. ಬಿತ್ತನೆ ಮುಗಿಸಿಯೇ ಮಗನನ್ನೋ ಮಗಳನ್ನೋ ಬಸ್ಸು ಹತ್ತಿಸಿ; ಹದ ನೋಡಿ ಬಿತ್ತಿದ ಕೈ ರಂಗದಲ್ಲೂ ಕೆಲಸಕ್ಕೆ ಬರುತ್ತದೆ. ತಿಂಗಳಾದ ಮೇಲೆ ಫೋನು ಬಂದು ‘ಇಲ್ಲಿ ಇನ್ನೂ ಏನೂ ಕಲಿಸಿಲ್ಲ, ಬರೀ ಗುಡಿಸೋದು, ನಡಿಯೋದು, ಕಂಬ ಹೊರೋದು’ ಎಂದರೆ ಗಾಬರಿಯಾಗಬೇಡಿ, ಶಾಲೆ ಸರಿಯಾಗಿದೆ. ಅದೇ ಮೊದಲ ವಾರವೇ ಫೋನು ಬಂದು ‘ನನಗ ಹೀರೋ ಪಾರ್ಟು ಕೊಟ್ಟಾರ’ ಎಂದರೆ, ಮರುದಿನದ ಬಸ್ಸಿಗೆ ನೀವೇ ಹೊರಡಿ.