ರೋಮಿಯೋ ಕಥೆಗೊಂದು ಮಂಗಳಾಂತ: ಟೇಲರ್ ಸ್ವಿಫ್ಟ್‌ರವರ ‘ಲವ್ ಸ್ಟೋರಿ’

ಷೇಕ್ಸ್‌ಪಿಯರ್ ಮಹಾಕವಿಯ ‘ರೋಮಿಯೋ ಮತ್ತು ಜೂಲಿಯೆಟ್’ ನಾಟಕದ ಕಡೆಯ ಅಂಕವನ್ನು ತಿದ್ದಹೊರಟವರ ಪರಂಪರೆ ಚಿಕ್ಕದಲ್ಲ. 17ನೆಯ ಶತಮಾನದಲ್ಲಿ ಜೇಮ್ಸ್ ಹೊವರ್ಡ್ ಎಂಬವನು ಪ್ರಣಯಿಗಳಿಬ್ಬರನ್ನೂ ಬದುಕಿಸಿ ಆ ನಾಟಕವನ್ನು ಮಾರ್ಪಡಿಸಿದನೆಂದೂ, ಲಂಡನ್ನಿನ ನಟರು ಒಂದು ದಿನ ಮೂಲದ ದುರಂತವನ್ನೂ ಇನ್ನೊಂದು ದಿನ ಈ ಶುಭಾಂತವನ್ನೂ ಸರದಿಯಿಂದ ಆಡುತ್ತಿದ್ದರೆಂದೂ ಜಾನ್ ಡೌನ್ಸನು 1708ರಲ್ಲಿ ಬರೆದಿಟ್ಟಿದ್ದಾನೆ. 1679ರಲ್ಲಿ ಆಟ್ವೇ ಕವಿಯೂ 1748ರಲ್ಲಿ ನಟಶ್ರೇಷ್ಠನಾದ ಗ್ಯಾರಿಕನೂ ಅಷ್ಟು ಧೈರ್ಯ ಮಾಡದೆ, ನಾಯಕನು ಪ್ರಾಣಬಿಡುವುದಕ್ಕೆ ಮೊದಲೇ ನಾಯಿಕೆಯನ್ನು ಎಚ್ಚರಗೊಳಿಸಿ ಇಬ್ಬರಿಗೂ ಗೋರಿಯೊಳಗೆ ನಾಲ್ಕು ಮಾತಿನ ಅವಕಾಶವನ್ನು ಮಾತ್ರ ಕಲ್ಪಿಸಿದರು. ರಷ್ಯದ ಸಂಗೀತಕಾರ ಪ್ರೊಕೊಫೀಯೆವನು 1935ರಲ್ಲಿ ಈ ಕಥೆಗೆ ನೃತ್ಯಸಂಗೀತವನ್ನು ರಚಿಸಿದಾಗ ಮೊದಲ ಪಾಠದಲ್ಲಿ ಪ್ರಣಯಿಗಳು ಸಾಯುವುದಿಲ್ಲ. ಕನ್ನಡಕ್ಕೂ ಈ ಪಂಕ್ತಿಯಲ್ಲಿ ಸ್ಥಾನವುಂಟು. 19ನೆಯ ಶತಮಾನದ ಕೊನೆಯಲ್ಲಿ ಹೊರಟ ಆನಂದರಾಯರ ‘ರಾಮವರ್ಮ ಲೀಲಾವತಿ’ಯು ಇದೇ ನಾಟಕದ ರೂಪಾಂತರವಾಗಿದ್ದು, ದೈವಾನುಗ್ರಹದಿಂದ ಮಂಗಳದಲ್ಲಿ ಮುಗಿಯುತ್ತದೆ.

ಈ ಪಂಕ್ತಿಯ ಈಚಿನ ಕೃತಿ ನಾಟಕವಲ್ಲ, ನಾಲ್ಕು ನಿಮಿಷಗಳಿಗೂ ಕಡಮೆಯಾದ ಒಂದು ಹಾಡು. ಅಮೆರಿಕದ ಗಾಯಕಿ ಟೇಲರ್ ಸ್ವಿಫ್ಟ್‌ರವರು ತಾವೇ ರಚಿಸಿ ಹಾಡಿದ ‘ಲವ್ ಸ್ಟೋರಿ’ಯು 2008ನೆಯ ಇಸವಿ ಸೆಪ್ಟೆಂಬರ್ 12ರಂದು ಪ್ರಕಟವಾಯಿತು. ಆಗ ಆಕೆಗೆ 18 ವರ್ಷ. ಕಂಟ್ರಿ ಗೀತಗಳ ಪಟ್ಟಿಯಲ್ಲಿ ಅದು ಮೊದಲನೆಯ ಸ್ಥಾನವನ್ನೂ, ಎಲ್ಲ ಬಗೆಯ ಗೀತಗಳನ್ನೂ ಒಳಗೊಂಡ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನವನ್ನೂ ಪಡೆಯಿತು. ಆಸ್ಟ್ರೇಲಿಯದಲ್ಲಿ ಮೊದಲನೆಯದೂ ಬ್ರಿಟನ್ನಿನಲ್ಲಿ ಎರಡನೆಯದೂ ಆಯಿತು. ಜನಪ್ರಿಯತೆಯ ಲೆಕ್ಕ ಇಷ್ಟು ಸಾಕು. ವಿಮರ್ಶಕನಿಗೆ ಮುಖ್ಯವಾದುದು ಬೇರೊಂದು ಸಂಗತಿ. ಇಂದು ಷೇಕ್ಸ್‌ಪಿಯರನ ನಾಟಕವನ್ನು ಓದಲು ಕುಳಿತುಕೊಳ್ಳುವ ವಿದ್ಯಾರ್ಥಿಗಳಲ್ಲಿ ಕೆಲವರಾದರೂ ಈ ಹಾಡನ್ನು ಮೊದಲೇ ಕೇಳಿರುತ್ತಾರೆ; ಅವರ ಪಾಲಿಗೆ ಹಾಡೇ ಮೂಲ, ನಾಟಕವೇ ವ್ಯತ್ಯಾಸ. ಆದುದರಿಂದ ‘ಮಹಾಕವಿಯ ಕಥೆಯನ್ನು ಕೆಡಿಸಿದ ಎಳೆಯರ ಹಾಡು’ ಎಂದು ಇದನ್ನು ತಳ್ಳಿಬಿಡುವುದು ಪಾಠ ಹೇಳುವವರಿಗೆ ಸುಲಭವಾದರೂ ನ್ಯಾಯವಲ್ಲ.

ದುರಂತವನ್ನು ಶುಭಾಂತವಾಗಿಸಿದ ಮಾತ್ರಕ್ಕೆ ಕೃತಿಯು ಹೀನವಾಗುವುದೆಂಬ ಭಾವನೆ ಕನ್ನಡದಲ್ಲಿ ಬಹಳ ಹಳೆಯದೇನಲ್ಲ. ಫಲಾಗಮದಲ್ಲಿ ಮುಗಿಯುವುದೇ ರೂಪಕದ ಧರ್ಮವೆಂದು ನಂಬಿದ್ದ ನಾಡಿನಲ್ಲಿ ರುದ್ರನಾಟಕದ ಗೌರವವು ನೆಲೆಗೊಂಡದ್ದು ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ಮೊದಲಾದ ಕೃತಿಗಳ ಈಚೆಗೆ. ಆ ಗೌರವ ಯುಕ್ತವಾದುದೇ. ಆದರೆ ಶಾಕುಂತಲದ ಮಂಗಳವು ಶಾಪ, ವಿಸ್ಮೃತಿ, ಪಶ್ಚಾತ್ತಾಪಗಳ ಬೆಲೆ ತೆತ್ತು ಪಡೆದದ್ದೆಂಬುದನ್ನು ಬಲ್ಲವರು ಕೇಳಬೇಕಾದ ಪ್ರಶ್ನೆ, ಅಂತ್ಯವು ಶುಭವೋ ಅಶುಭವೋ ಎಂಬುದಲ್ಲ. ಆ ಅಂತ್ಯವನ್ನು ಕೃತಿಯು ತನ್ನೊಳಗಿನಿಂದಲೇ ಸಂಪಾದಿಸಿಕೊಂಡಿದೆಯೇ ಎಂಬುದು.

ಹಾಡಿನ ಕಥೆ ಸಂಕ್ಷೇಪವಾಗಿ ಹೀಗಿದೆ. ಹೆಣ್ಣೊಬ್ಬಳು ತನ್ನ ಎಳವೆಯ ಪ್ರಥಮದರ್ಶನವನ್ನು ನೆನೆಯುತ್ತಾಳೆ: ಬೇಸಗೆಯ ಗಾಳಿ, ಮಹಡಿಯ ಮೊಗಸಾಲೆ, ದೀಪಗಳು, ಔತಣಕೂಟ, ಜನರ ನಡುವೆ ದಾರಿ ಮಾಡಿಕೊಂಡು ಬರುವ ತರುಣ. ಅವನೇ ರೋಮಿಯೋ ಎಂಬುದು ತಿಳಿಯುವಷ್ಟರಲ್ಲಿ ತಂದೆಯ ನಿಷೇಧ ಬೀಳುತ್ತದೆ. ತೋಟದಲ್ಲಿ ಗುಟ್ಟಾಗಿ ಸೇರುತ್ತಾರೆ. ತನ್ನನ್ನು ಕರೆದೊಯ್ಯೆಂದು ಆಕೆ ಬೇಡುತ್ತಾಳೆ. ಕಾದು ಕಾದು ನಂಬಿಕೆ ಸಡಿಲುತ್ತದೆ. ಕೊನೆಗೆ ಊರ ಹೊರವಲಯದಲ್ಲಿ ಆತ ಮಂಡಿಯೂರಿ ಉಂಗುರವನ್ನು ನೀಡಿ, ನಿನ್ನ ತಂದೆಯೊಡನೆ ಮಾತಾಡಿದ್ದೇನೆ ಎನ್ನುತ್ತಾನೆ. ಟಿಬಾಲ್ಟ್, ಪ್ಯಾರಿಸ್, ದಾದಿ, ಸನ್ಯಾಸಿ, ವಿಷ, ಗೋರಿ ಯಾವುದೂ ಇಲ್ಲ. ಹೆಣ್ಣು, ಗಂಡು, ತಂದೆ ಇವರು ಮೂವರೇ ಉಳಿದಿದ್ದಾರೆ. ಇದು ಅಜ್ಞಾನದಿಂದಾದ ಲೋಪವಲ್ಲ. ಇಂಗ್ಲೆಂಡ್ ಸ್ಕಾಟ್ಲೆಂಡುಗಳಿಂದ ಅಪಲಾಚಿಯನ್ ಬೆಟ್ಟಗಳಿಗೆ ವಲಸೆಹೋದ ಜನರ ಲಾವಣಿಗಳು ಕಂಟ್ರಿ ಸಂಗೀತದ ತಾಯಿಬೇರುಗಳಲ್ಲಿ ಒಂದು. ಪಾತ್ರಗಳನ್ನು ಎರಡು ಮೂರಕ್ಕೆ ಇಳಿಸಿ, ಘಟನೆಯನ್ನು ಹಾರಿಹಾರಿ ಹೇಳಿ, ಕಡೆಯ ನುಡಿಯಲ್ಲಿ ಪಲ್ಲವಿಯ ಅರ್ಥವನ್ನೇ ತಿರುಗಿಸಿಬಿಡುವುದು ಆ ಜಾತಿಯ ಕವಿತೆಯ ರೀತಿ. ‘ಲವ್ ಸ್ಟೋರಿ’ಯು ಕಂಟ್ರಿ ಗೀತವೆನಿಸಿಕೊಳ್ಳುವುದು ಬ್ಯಾಂಜೋ ಪಿಟೀಲುಗಳಿಂದ ಮಾತ್ರವಲ್ಲ, ಮುಖ್ಯವಾಗಿ ಈ ಕಥನಕ್ರಮದಿಂದ. ಪಾಪ್ ಸಂಗೀತದ ರೇಡಿಯೋ ನಿಲಯಗಳಿಗಾಗಿ ಆ ವಾದ್ಯಗಳ ನಾದವನ್ನು ತಗ್ಗಿಸಿ ಇನ್ನೊಂದು ಪಾಠವನ್ನು ಸಿದ್ಧಪಡಿಸಿದಾಗಲೂ ಹಾಡಿನ ಸ್ವರೂಪ ಕೆಡದಿದ್ದುದಕ್ಕೆ ಇದೇ ಕಾರಣವಾಗಿರಬೇಕು. (ನಡುವೆ ನಾಯಿಕೆಯು ತನ್ನನ್ನು ಹಾಥಾರ್ನನ 1850ರ ಕಾದಂಬರಿಯ ಕೆಂಪಕ್ಷರಕ್ಕೆ ಹೋಲಿಸಿಕೊಳ್ಳುವುದು ಮಾತ್ರ ಹೊಂದುವುದಿಲ್ಲ. ಹೆಸ್ಟರಳ ಪಾಡು ಬೇರೆ, ಈ ಹುಡುಗಿಯ ಪಾಡು ಬೇರೆ.)

ನಾಟಕದ ಪ್ರಸ್ತಾವನೆಯ 14 ಪಂಕ್ತಿಗಳು ಪ್ರಣಯಿಗಳ ಮರಣವನ್ನು ಮೊದಲೇ ಸಾರಿಬಿಡುತ್ತವೆ. ಹಾಡಿನ ಮೊದಲ ವಾಕ್ಯವೂ ಹಾಗೆಯೇ ಅಂತ್ಯವನ್ನು ಬಚ್ಚಿಡುವುದಿಲ್ಲ: ತಾವಿಬ್ಬರೂ ಆಗ ಎಳೆಯರಾಗಿದ್ದೆವೆಂದು ಹೇಳಬಲ್ಲವಳು ಆ ಎಳವೆಯನ್ನು ದಾಟಿ ಬದುಕಿದವಳೇ ಆಗಿರಬೇಕು, ಅದನ್ನು ‘ನಿನ್ನನ್ನು’ ಎಂದು ಸಂಬೋಧಿಸಿ ಹೇಳುತ್ತಿರುವುದರಿಂದ ಕೇಳುವವನೂ ಬದುಕಿದ್ದಾನೆ. ಹೀಗೆ ಮೂಲದಲ್ಲಿ ವಿಧಿಯು ಮಾಡುವ ಕೆಲಸವನ್ನು ಇಲ್ಲಿ ಸ್ಮೃತಿಯು ಮಾಡುತ್ತದೆ. ಮಂಗಳವು ಕಡೆಯಲ್ಲಿ ಅಂಟಿಸಿದ್ದಲ್ಲ, ಬೀಜದಲ್ಲಿಯೇ ಇದೆ. ಹೊವರ್ಡನ ತಿದ್ದುಪಡಿಗೂ ಇದಕ್ಕೂ ಇರುವ ದೊಡ್ಡ ಅಂತರ ಇದೇ.

ಇನ್ನು, ಆ ಮಂಗಳವನ್ನು ಬರಿಸುವ ಸಾಧನ ಯಾವುದು? ತಂದೆಯೊಡನೆ ಆಡಿದ ಒಂದು ಮಾತು. ಇಲ್ಲಿ ಹಾಡು ತನಗೆ ತಿಳಿದೋ ತಿಳಿಯದೆಯೋ ಮೂಲದ ಮರ್ಮವನ್ನು ಮುಟ್ಟಿದೆ. ಷೇಕ್ಸ್‌ಪಿಯರನ ನಾಟಕವು ದ್ವೇಷದ ದುರಂತವೆಂಬುದಕ್ಕಿಂತ ಆಡದೆ ಉಳಿದ ಮಾತುಗಳ ದುರಂತ. ಮೂರನೆಯ ಅಂಕದಲ್ಲಿ ಟಿಬಾಲ್ಟನು ಕೆಣಕಿದಾಗ ರೋಮಿಯೋ ತನಗೆ ಅವನ ಮೇಲೆ ಪ್ರೀತಿಯಿರುವುದಕ್ಕೆ ಕಾರಣವಿದೆಯೆನ್ನುತ್ತಾನೆ, ಕಾರಣವನ್ನು ಹೇಳುವುದಿಲ್ಲ. ಜೂಲಿಯೆಟ್ ತನಗೆ ಮದುವೆಯಾಗಿದೆಯೆಂದು ತಂದೆಗೆ ಹೇಳಲಾರಳು. ಬಲ್ಲವರಾದ ದಾದಿಯೂ ಸನ್ಯಾಸಿಯೂ ಬಾಯಿಬಿಡುವುದಿಲ್ಲ. ಕಟ್ಟಕಡೆಗೆ, ಹೇಳಲೇಬೇಕಾದುದನ್ನು ಹೊತ್ತ ಪತ್ರವು ಪ್ಲೇಗಿನ ಶಂಕೆಯಿಂದ ದಾರಿಯಲ್ಲಿಯೇ ತಡೆದು ನಿಲ್ಲುತ್ತದೆ. ಕ್ಯಾಪ್ಯುಲೆಟನೆಂಬ ಆ ತಂದೆಯಾದರೂ ಮೊದಲಿನಿಂದ ಕಲ್ಲೆದೆಯವನಲ್ಲ. ಮಗಳ ಒಪ್ಪಿಗೆಯಿಲ್ಲದೆ ತನ್ನ ಒಪ್ಪಿಗೆ ಪೂರ್ಣವಾಗದೆಂಬ ಅರ್ಥದಲ್ಲಿ ಮೊದಲ ಅಂಕದಲ್ಲಿ ಪ್ಯಾರಿಸನಿಗೆ ಹೇಳಿದವನೇ ಅವನು. ರೋಮಿಯೋ ಒಮ್ಮೆ ಅವನೆದುರು ನಿಂತು ಮಾತಾಡಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಯನ್ನು ನಾಟಕವು ಕೇಳಗೊಡುವುದಿಲ್ಲ, ಹಾಡು ಕೇಳುತ್ತದೆ. ಆನಂದರಾಯರ ರೂಪಾಂತರದಲ್ಲಿ ದೈವವು ಬಂದು ಮಾಡಬೇಕಾದುದನ್ನು ಇಲ್ಲಿ ಮನುಷ್ಯನ ಮಾತು ಮಾಡುವುದರಿಂದ, ತಿದ್ದುಪಡಿ ಎಂಬುದಕ್ಕಿಂತ ಇದನ್ನು ಮೂಲದ ಒಂದು ವ್ಯಾಖ್ಯಾನವೆನ್ನುವುದೇ ಸರಿ.

ಆದರೆ ಆ ಮಾತು ತೆರೆಯ ಹಿಂದೆ ನಡೆದುಹೋಗುತ್ತದೆಂಬುದು ಹಾಡಿನ ದೊಡ್ಡ ಕೊರತೆ. ನಾಟ್ಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರಾಪ್ತ್ಯಾಶೆಯಿಂದ ನೇರವಾಗಿ ಫಲಾಗಮಕ್ಕೆ ನೆಗೆತ. ನಡುವಣ ನಿಯತಾಪ್ತಿಯು ನೇಪಥ್ಯಕ್ಕೆ ಸರಿದಿದೆ. ತಂದೆ ಏಕೆ ವಿರೋಧಿಸಿದ, ಏಕೆ ಮಣಿದ, ಯಾವುದೂ ತಿಳಿಯದು. ಲಾವಣಿಗೆ ಅಷ್ಟು ವಿವರದ ಹೊಣೆಯಿಲ್ಲವೆಂದು ಸಮಾಧಾನ ಹೇಳಬಹುದಾದರೂ, ಇದರಿಂದಾದ ಇನ್ನೊಂದು ನಷ್ಟಕ್ಕೆ ಆ ಸಮಾಧಾನ ಸಾಲದು. ಮೂಲದಲ್ಲಿ ವಿವಾಹದ ಮಾತನ್ನು ಮೊದಲು ಎತ್ತುವವಳು ಜೂಲಿಯೆಟ್. ಎರಡನೆಯ ಅಂಕದ ಆ ಪ್ರಸಿದ್ಧ ರಾತ್ರಿಯಲ್ಲಿ, ನಿನ್ನ ಉದ್ದೇಶ ವಿವಾಹವಾದರೆ ಎಲ್ಲಿ, ಎಂದು ಎಂಬುದನ್ನು ನಾಳೆ ಹೇಳಿಕಳುಹಿಸೆಂದು ಗೊತ್ತುಮಾಡುವವಳು ಹದಿನಾಲ್ಕು ತುಂಬದ ಆ ಬಾಲೆ. ಗೋರಿಯ ಘೋರವನ್ನು ಒಂದೊಂದಾಗಿ ಕಲ್ಪಿಸಿಕೊಂಡು ನಡುಗಿಯೂ ಔಷಧದ ಬಟ್ಟಲನ್ನು ಒಬ್ಬಳೇ ಎತ್ತಿ ಕುಡಿಯುವವಳು ಅವಳೇ. ಹಾಡಿನ ಜೂಲಿಯೆಟ್ ಕೇಳುತ್ತಾಳೆ, ಅಳುತ್ತಾಳೆ, ಕಾಯುತ್ತಾಳೆ; ಕಾದು ಬೇಸತ್ತೆನೆಂದು ಹೇಳಿಕೊಳ್ಳುವುದೇ ಅವಳ ಅತ್ಯಂತ ದಿಟ್ಟವಾದ ನಡೆ. ಅವಳ ಬಾಳನ್ನು ಗಂಡಸರಿಬ್ಬರು ಅವಳಿಲ್ಲದ ಎಡೆಯಲ್ಲಿ ಮಾತಾಡಿ ತೀರ್ಮಾನಿಸುತ್ತಾರೆ. ದುರಂತವನ್ನು ಕಳೆದದ್ದರಿಂದ ಕೃತಿಗೆ ಹಾನಿಯಾಗಿಲ್ಲ. ದುರಂತದೊಡನೆ ಜೂಲಿಯೆಟಳ ಕೃತಿಶಕ್ತಿಯನ್ನೂ ಕಳೆದದ್ದರಿಂದ ಆಗಿದೆ. ತನ್ನ ಮನೆಯವರಿಗೆ ಒಪ್ಪಿಗೆಯಾಗದಿದ್ದ ಒಬ್ಬ ಹುಡುಗನ ಪ್ರಸಂಗದಿಂದ ಈ ಹಾಡು ಹುಟ್ಟಿತೆಂದು ಸ್ವಿಫ್ಟ್‌ರವರೇ ಹೇಳಿದ್ದಾರೆ. ತಂದೆಯ ಒಪ್ಪಿಗೆಯೇ ಕಥೆಯ ಪರಮಫಲವಾಗಿ ನಿಂತುದರ ಮೂಲ ಅಲ್ಲಿರಬಹುದು.

ಈ ನಷ್ಟವನ್ನು ಸಾಹಿತ್ಯವು ತುಂಬಿಕೊಡದಿದ್ದರೂ ಸಂಗೀತವು ಬಹುಮಟ್ಟಿಗೆ ತುಂಬಿಕೊಡುತ್ತದೆ. ಮೊದಲ ಪಲ್ಲವಿಗಳಲ್ಲಿ ರೋಮಿಯೋನನ್ನು ಹೆಸರುಗೊಂಡು, ಹೂಂ ಎನ್ನೆಂದು ಬೇಡುವವಳು ಅವಳು. ಕಡೆಯ ಪಲ್ಲವಿಯಲ್ಲಿ ಅದೇ ಮಟ್ಟಿನಲ್ಲಿ, ಜೂಲಿಯೆಟಳನ್ನು ಹೆಸರುಗೊಂಡು, ಅದೇ ಬೇಡಿಕೆಯನ್ನು ಅವಳ ಮುಂದಿಡುವವನು ಅವನು. ಬೇಡಿದವಳೇ ಈಗ ಉತ್ತರ ಕೊಡಬೇಕಾದವಳಾಗುತ್ತಾಳೆ. ಈ ತಿರುವಿನಲ್ಲಿಯೇ ಶ್ರುತಿಯು ಡಿ ಮೇಜರಿನಿಂದ ಇ ಮೇಜರಿಗೆ ಏರುತ್ತದೆ. ಆಧಾರಷಡ್ಜವನ್ನು ಕದಲಿಸದ ಕರ್ಣಾಟಕ ಸಂಗೀತಕ್ಕೆ ಈ ಕ್ರಮ ಪರಕೀಯ. ಷಡ್ಜವೇ ಎದ್ದು ಚತುಶ್ರುತಿ ರಿಷಭದ ಪೀಠದಲ್ಲಿ ಕುಳಿತಂತೆ ಇದರ ಪರಿಣಾಮ. ಪಾಶ್ಚಾತ್ಯ ಜನಪ್ರಿಯ ಗೀತಗಳಲ್ಲಿ ಇದು ಸವೆದ ತಂತ್ರವೇ ಹೌದು, ಅನೇಕರು ಕೇವಲ ಉತ್ಸಾಹವನ್ನು ಕೆರಳಿಸಲು ಬಳಸುತ್ತಾರೆ. ಇಲ್ಲಿ ಮಾತ್ರ ಮಾತಾಡುವವರು ಬದಲಾದ ಗಳಿಗೆಗೂ ಶ್ರುತಿ ಬದಲಾದ ಗಳಿಗೆಗೂ ಸಂಬಂಧವಿರುವುದರಿಂದ ತಂತ್ರವು ಅರ್ಥವಾಗುತ್ತದೆ. ತಂದೆ ಮಣಿದ ದೃಶ್ಯವನ್ನು ತೋರಿಸಲಾರದ ಹಾಡು ನೆಲವೇ ಮೇಲೆದ್ದ ಅನುಭವವನ್ನು ಕಿವಿಗೆ ಕೊಡುತ್ತದೆ.

ಟ್ರೇ ಫ್ಯಾನ್‌ಜಾಯ್ ನಿರ್ದೇಶಿಸಿದ ಮ್ಯೂಸಿಕ್ ವಿಡಿಯೋ ಇಷ್ಟು ದೂರ ಬರುವುದಿಲ್ಲ. 2009ರಲ್ಲಿ ಕಂಟ್ರಿ ಸಂಗೀತ ಸಂಘದ ವರ್ಷದ ಅತ್ಯುತ್ತಮ ವಿಡಿಯೋ ಪ್ರಶಸ್ತಿ ಇದಕ್ಕೆ ಬಂದುದು ನಿಜ. ಕಣ್ಣಿಗೆ ಇದು ಸೊಗಸಾಗಿಯೂ ಇದೆ. ಕಾಲೇಜಿನ ಅಂಗಳದಲ್ಲಿ ಮರದ ಬಳಿಯಿರುವ ತರುಣನನ್ನು ತರುಣಿಯೊಬ್ಬಳು ನೋಡುತ್ತಾಳೆ. ದೃಷ್ಟಿಗಳು ಕೂಡಿದೊಡನೆ ಕಾಲವು ಹಿಂದಕ್ಕೆ ಸರಿದು, ಕೋಟೆ, ಉದ್ದನೆಯ ನಿಲುವಂಗಿ, ನೃತ್ಯ, ಇರುಳಿನ ತೋಟದ ದೀಪ ಎಲ್ಲವೂ ಬರುತ್ತವೆ. ಕೊನೆಗೆ ಮತ್ತೆ ಕಾಲೇಜು. ಕೋಟೆಯು ಟೆನೆಸೀ ಸಂಸ್ಥಾನದ ಆರಿಂಗ್ಟನ್ನಿನಲ್ಲಿರುವ ಕ್ಯಾಸಲ್ ಗ್ವಿನ್, ವೇಲ್ಸ್ ಸೀಮೆಯ ಹಳೆಯ ಕೋಟೆಗಳ ಮಾದರಿಯಲ್ಲಿ 20ನೆಯ ಶತಮಾನದ ಉತ್ತರಾರ್ಧದಲ್ಲಿ ಕಟ್ಟಿದ್ದು. ಇದನ್ನು ಕೃತಕವೆಂದು ಹಳಿಯಬೇಕಾಗಿಲ್ಲ. ವೆರೋನಾ ನಗರದಲ್ಲಿ ಯಾತ್ರಿಕರಿಗೆ ತೋರಿಸುವ ಜೂಲಿಯೆಟಳ ಮೊಗಸಾಲೆಯೂ 20ನೆಯ ಶತಮಾನದ್ದೇ; ಷೇಕ್ಸ್‌ಪಿಯರನ ನಾಟಕದಲ್ಲಿ ಮೊಗಸಾಲೆಯೆಂಬ ಪದವೇ ಇಲ್ಲ, ಕಿಟಕಿಯಿದೆ.

ಆಕ್ಷೇಪವಿರುವುದು ಕಥಾಬಂಧದಲ್ಲಿ. ತಂದೆಯ ನಿಷೇಧವಾಗಲಿ ಸಮ್ಮತಿಯಾಗಲಿ ಗಾಯಕಿಯ ಬಾಯಲ್ಲಿ ಕೇಳುತ್ತವೆಯೇ ಹೊರತು ಚಿತ್ರದಲ್ಲಿ ಘಟನೆಗಳಾಗಿ ನಿಲ್ಲುವುದಿಲ್ಲ. ಹಾಡಿನ ಮೂರನೆಯ ಪಾತ್ರವೂ ಹೋದ ಮೇಲೆ ಉಳಿಯುವುದು ವಿರಹವೆಂಬ ನೆರಳು ಮಾತ್ರ. ಕಾಯುವುದಕ್ಕೆ ಕಾರಣವೇ ಕಾಣದು. ಮೇಲಾಗಿ, ಕಾಲೇಜಿನ ಚೌಕಟ್ಟಿಗೆ ಅರ್ಥವೇನು? ಹಗಲುಗನಸಾದರೆ, ಹಾಡಿನ ಸ್ಮೃತಿಯು ಬರಿಯ ಬಯಕೆಯಾಗಿ ಇಳಿಯುತ್ತದೆ. ಜನ್ಮಾಂತರವಾದರೆ, ಬಾಣನ ಕಾದಂಬರಿಯನ್ನೋ ನಾಗವರ್ಮನ ಕರ್ಣಾಟಕ ಕಾದಂಬರಿಯನ್ನೋ ಓದಿದವರಿಗೆ ತೊಡಕು ಕಾಣದಿರದು. ಅಲ್ಲಿ ಒಂದು ಜನ್ಮದಲ್ಲಿ ತೀರದೆ ಮುರಿದುಹೋದ ಪ್ರೇಮವು ಇನ್ನೊಂದನ್ನು ಬೇಡುತ್ತದೆ. ಮರಣವೂ ಮರವೆಯೂ ಇಲ್ಲದಿದ್ದರೆ ಮರುಜನ್ಮಕ್ಕೆ ಕಾರಣವೇ ಇಲ್ಲ. ಇಲ್ಲಿ ಹಳೆಯ ಕಾಲದ ಪ್ರಣಯಿಗಳು ಕೂಡಿಯೇ ಬಿಡುತ್ತಾರೆ. ಕೂಡಿದವರು ಕಾಲೇಜಿಗೆ ಮತ್ತೆ ಬರುವುದೇತಕ್ಕೆ? ಷೇಕ್ಸ್‌ಪಿಯರನ ಅಂತ್ಯವನ್ನು ಹಳೆಯ ಕಾಲಕ್ಕೂ ಸ್ವಿಫ್ಟ್‌ರವರ ಅಂತ್ಯವನ್ನು ಕಾಲೇಜಿಗೂ ಹಂಚಿದ್ದರೆ ಎರಡಕ್ಕೂ ಗೌರವವಾಗುತ್ತಿತ್ತು. ನಿರ್ದೇಶಕಿಯು ಆ ಬಾಗಿಲವರೆಗೆ ಹೋಗಿ ಹಿಂದಿರುಗಿದ್ದಾಳೆ. ಮೊದಲ ನೋಟ ಮತ್ತು ಕಡೆಯ ನೋಟ, ಈ ಎರಡು ಮೌನಗಳು ಮಾತ್ರ ಚೆನ್ನಾಗಿ ಬಂದಿವೆ. ಅವುಗಳಲ್ಲಿ ಗುರುತಿನ ಬೆಳಕಿದೆ.

ಹಾಡಿಗೆ ಮುಂದೆ ಇನ್ನೊಂದು ಜನ್ಮ ಬಂದುದು ಬೇರೆ ಕಾರಣದಿಂದ. 2019ರಲ್ಲಿ ಆಕೆಯ ಮೊದಲ ಆರು ಸಂಪುಟಗಳ ಮೂಲಮುದ್ರಿಕೆಗಳ ಒಡೆತನವು ಆಕೆಗೆ ಒಪ್ಪಿಗೆಯಿಲ್ಲದೆ ಕೈಬದಲಾಗಲು, ಅವುಗಳನ್ನು ಮತ್ತೆ ಹಾಡಿ ಮುದ್ರಿಸುವ ಕಾರ್ಯವನ್ನು ಸ್ವಿಫ್ಟ್‌ರವರು ಕೈಗೊಂಡರು. ಮೂಲಮುದ್ರಿಕೆಗಳು 2025ರಲ್ಲಿ ಅವರ ಕೈಸೇರಿದವು. ಹಾಗೆ ಮರುಮುದ್ರಿತವಾದ ಹಾಡುಗಳಲ್ಲಿ ಮೊದಲು ಪ್ರಕಟವಾದುದು 2021ನೆಯ ಇಸವಿ ಫೆಬ್ರವರಿ 12ರ ‘ಲವ್ ಸ್ಟೋರಿ’. ಅದೂ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ಸಾಹಿತ್ಯ, ಮಟ್ಟು, ಶ್ರುತಿಯ ಏರಿಕೆ ಯಾವುದನ್ನೂ ಬದಲಿಸಿಲ್ಲ. ಕಂಠವು ಮಾತ್ರ ತುಂಬಿದೆ, ಮೊದಲಿನ ಆತುರವಿಲ್ಲ. ತಾವು ಎಳೆಯರಾಗಿದ್ದೆವೆಂಬ ಆರಂಭದ ವಾಕ್ಯವನ್ನು 18ರ ಹುಡುಗಿ ಹಾಡಿದಾಗ ಅದು ಕವಿಯ ಕಲ್ಪನೆಯಾಗಿತ್ತು. 2021ರ ಮುದ್ರಿಕೆಯಲ್ಲಿ ಅದನ್ನು ಹಾಡುವವರಿಗೆ ವಯಸ್ಸು 31.