ಕ್ಯಾಸೆಟ್ಟಿನ ಬದಿ, ರಸ್ತೆಯ ಬದಿ

ನಮ್ಮೂರ ಮೇಡ್ಲೇರಿ ರಸ್ತೆಯ ಹುಡುಗನೊಬ್ಬ ಏಳು ರ‍್ಯಾಪ್ ಹಾಡು ಕಟ್ಟಿ, ಮೊಬೈಲಿನಲ್ಲೇ ದನಿ ಮುದ್ರಿಸಿ ಕಳಿಸಿದ್ದಾನೆ. ‘ಸರ, ಇದರಾಗ ಮೊದಲ ಯಾವ್ದು ಬಿಡ್ಲಿ?’ ಎಂದು ಕೇಳಿದ. ‘ಒಂದನ್ನೂ ಬಿಡಬ್ಯಾಡ. ಏಳೂ ಕೂಡಿಸಿ ಆಲ್ಬಂ ಮಾಡು’ ಎಂದೆ. ‘ಈಗ ಆಲ್ಬಂ ಯಾರ್ ಕೇಳ್ತಾರ್ರೀ?’ ಅಂದ. ಈ ಪ್ರಶ್ನೆ ಕಾಯುವಂಥದ್ದಲ್ಲ.

ಹುಡುಗನ ಅನುಮಾನಕ್ಕೆ ಕಾರಣವಿದೆ. ಅವನು ಕೇಳಿ ಬೆಳೆದ ರ‍್ಯಾಪ್ ಎಲ್ಲ ಬಿಡಿ ಹಾಡುಗಳದ್ದು. 2016ರಲ್ಲಿ ಹಾಸನದ ಚಂದನ್ ಶೆಟ್ಟಿಯ ‘3 ಪೆಗ್’ ಬಂದ ಮೇಲೆ ನಮ್ಮ ಕಡೆ ಮದುವೆ ಮೆರವಣಿಗೆಗಳು ಅದಕ್ಕೇ ಕುಣಿದವು. ಆಲ್ ಓಕೆ ಎಂಬ ಅಲೋಕ್, ರಾಹುಲ್ ಡಿಟ್ಟೋ ಕೂಡ ಇಲ್ಲಿಗೆ ಬಿಡಿ ಹಾಡುಗಳಾಗಿಯೇ ತಲುಪಿದವರು. ಬೆಂಗಳೂರಿನ ಬ್ರೋಧ ವಿ ‘ಆತ್ಮ ರಾಮ’ದಿಂದ ಹೆಸರಾದ. ಹನುಮನ್‌ಕೈಂಡ್ 2024ರಲ್ಲಿ ‘ಬಿಗ್ ಡಾಗ್ಸ್’ ಒಂದನ್ನೇ ಹಿಡಿದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಏರಿದ. ಒಂದು ಹಾಡಿಗೆ ಹೆಸರು ತರುವ ಶಕ್ತಿ ಇದೆ. ಊರನ್ನೇ ಹೊತ್ತು ತರುವ ಶಕ್ತಿ ಇಲ್ಲ.

ಊರನ್ನು ಹೊತ್ತು ತಂದದ್ದು ಅಮೆರಿಕದ ರ‍್ಯಾಪರ್ ನಾಸ್‌ನ ಆಲ್ಬಂ ‘ಇಲ್ಮ್ಯಾಟಿಕ್’. 1994ರ ಏಪ್ರಿಲ್ 19ರಂದು ಬಂದಾಗ ನಾಸ್‌ಗೆ ಇಪ್ಪತ್ತು ವರ್ಷ. ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಜ್ ಎಂಬ ಸರ್ಕಾರಿ ವಸತಿಯ ಹುಡುಗ. ಬೆಂಗಳೂರಿಗೆ ಓದಲು ಹೋದ ಗೆಳೆಯ ಅದರ ನಕಲು ಕ್ಯಾಸೆಟ್ ತಂದುಕೊಟ್ಟಿದ್ದ. ಅದರ ಮೇಲೆ ಪೆನ್ನಿನಲ್ಲಿ 1, 2 ಎಂದಷ್ಟೇ ಬರೆದಿತ್ತು. ಅಸಲು ಕ್ಯಾಸೆಟ್ಟಿನ ಎರಡು ಬದಿಗಳಿಗೆ ಎ, ಬಿ ಎಂಬ ಗುರುತಿಲ್ಲ, ಒಂದು ‘40ನೇ ಬದಿ ಉತ್ತರ’, ಇನ್ನೊಂದು ‘41ನೇ ಬದಿ ದಕ್ಷಿಣ’ ಎಂದು ಗೊತ್ತಾದದ್ದು ವರ್ಷಗಳ ಮೇಲೆ. 40, 41 ಅವನ ಓಣಿಯ ರಸ್ತೆಗಳ ಸಂಖ್ಯೆ. ಕ್ಯಾಸೆಟ್ ತಿರುವಿ ಹಾಕಿದರೆ ಕೇಳುಗ ರಸ್ತೆ ದಾಟಿದಂತೆ. ಅದು ತಿಳಿದ ದಿನ ಇಡೀ ಆಲ್ಬಂ ನನಗೆ ಹೊಸದಾಗಿ ಕೇಳಿಸಿತು.

ಹಾಡಿಗಿಂತ ಮೊದಲು ಅದರಲ್ಲಿ ಕೇಳುವುದು ರೈಲಿನ ಸದ್ದು. ಜತೆಗೆ 1983ರ ‘ವೈಲ್ಡ್ ಸ್ಟೈಲ್’ ಚಿತ್ರದ ತುಣುಕು. ಆಮೇಲೆ ಒಂಬತ್ತೇ ಹಾಡು. ಎಲ್ಲ ಸೇರಿ ಸುಮಾರು ನಲವತ್ತು ನಿಮಿಷ. ಒಬ್ಬನೇ ನಿರ್ಮಾಪಕ ಇಡೀ ಆಲ್ಬಂ ಕಟ್ಟುವುದು ರೂಢಿಯಾಗಿದ್ದ ಕಾಲದಲ್ಲಿ ಅಲ್ಲಿ ಡಿಜೆ ಪ್ರೀಮಿಯರ್, ಪೀಟ್ ರಾಕ್, ಕ್ಯೂ-ಟಿಪ್, ಲಾರ್ಜ್ ಪ್ರೊಫೆಸರ್, ಎಲ್‌ಇಎಸ್ ಎಂಬ ಐವರು ಕೂಡಿದರು. ಪೀಟ್ ರಾಕ್ ಅಹಮದ್ ಜಮಾಲ್‌ರ ಪಿಯಾನೋದಿಂದ ಒಂದು ಎಳೆ ತೆಗೆದು ಸುತ್ತಿ ಸುತ್ತಿ ಹೆಣೆದ. ಒಂದು ಹಾಡಿನ ಕೊನೆಗೆ ನಾಸ್‌ನ ತಂದೆ ಓಲು ದಾರಾ ಕಾರ್ನೆಟ್ ಊದುತ್ತಾರೆ; ಮಗ ಬದುಕಿನ ಭರವಸೆಯೇ ಇಲ್ಲ ಎಂಬಂತೆ ಮಾತು ಮುಗಿಸಿದಲ್ಲಿ ಅಪ್ಪನ ಉಸಿರು ಬಂದು ನಿಲ್ಲುತ್ತದೆ. ಇನ್ನೊಂದು ಹಾಡು ಜೈಲಿನಲ್ಲಿರುವ ಗೆಳೆಯನಿಗೆ ಬರೆದ ಪತ್ರ. ಓಣಿಯಲ್ಲಿ ಯಾರಿಗೆ ಏನಾಯಿತು ಎಂಬ ಸುದ್ದಿ ಒಂದೊಂದಾಗಿ ಹೇಳುತ್ತಾನೆ, ಎಲ್ಲೂ ದನಿ ಏರಿಸುವುದಿಲ್ಲ.

‘ದಿ ಸೋರ್ಸ್’ ಪತ್ರಿಕೆ ಅದಕ್ಕೆ ಐದಕ್ಕೆ ಐದು ಮೈಕು ಕೊಟ್ಟಿತು. ಮಾರಾಟ ಮಾತ್ರ ನಿಧಾನ. ಗೋಲ್ಡ್ ಆಗಲು 1996 ಬಂತು, ಪ್ಲಾಟಿನಂ ಆಗಲು 2001. ಇಂದು ಅದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಧ್ವನಿಮುದ್ರಣ ಪಟ್ಟಿಯಲ್ಲಿದೆ. ಮೊದಲ ವಾರದ ಎಣಿಕೆ ನೋಡಿ ಎದೆಗುಂದುವವರು ಈ ಮಾತು ನೆನಪಿಡಬೇಕು.

ಇನ್ನು ಹುಡುಗನ ಹಾಡುಗಳಿಗೆ ಬರುತ್ತೇನೆ. ಏಳರಲ್ಲಿ ಐದು ಹಾಡುಗಳ ಸಾಲುಗಳೆಲ್ಲ ‘ಬರ್ತೀನಿ, ತರ್ತೀನಿ, ತೋರಿಸ್ತೀನಿ’ ಎಂದೇ ಮುಗಿಯುತ್ತವೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಗೆ ಬರುತ್ತದೆ, ಕರ್ತೃ ಒಂದೇ ಇದ್ದರೆ ಅದರ ಪ್ರತ್ಯಯವೂ ಒಂದೇ. ಹೀಗಾಗಿ ಅಂತ್ಯಪ್ರಾಸ ನಮಗೆ ಬೆವರಿಲ್ಲದೆ ಸಿಗುತ್ತದೆ. ಅದನ್ನೇ ವೇಗವಾಗಿ ಉದುರಿಸುವುದು ಜಾಣತನ ಎಂದು ನಂಬಿಸಿದವರ ಮೇಲೆ ನನ್ನ ಸಿಟ್ಟು ಹಳೆಯದು. ನಮ್ಮ ಹಿರಿಯರು ದುಡಿದದ್ದು ಸಾಲಿನ ಎರಡನೆಯ ಅಕ್ಷರದಲ್ಲಿ. ನಾಗವರ್ಮನ ‘ಛಂದೋಂಬುಧಿ’ ಈ ಪ್ರಾಸಕ್ಕೆ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಪ್ರಾಣಿಗಳ ಹೆಸರಿಟ್ಟಿತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸ ಬಿಟ್ಟರು; ಹೊಸ ಕಾವ್ಯಕ್ಕೆ ಅದು ಬಿಡುಗಡೆಯೇ. ಆದರೆ ತಾಳದ ಮೇಲೆ ಮಾತು ಕೂರಿಸುವವನಿಗೆ ಬಿಟ್ಟ ಆ ಸೊತ್ತು ಈಗ ಬೇಕು. ‘ಹತ್ತಿ ಗಿರಣಿ, ಸುತ್ತಿದ ದಾರ, ಎತ್ತಿದ ಚೀಲ’ ಎಂದು ಹೇಳಿ ನೋಡಿ. ಒತ್ತು ಬಿದ್ದಲ್ಲಿ ಡ್ರಮ್ಮೂ ಬೀಳುತ್ತದೆ.

ಇನ್ನೊಂದು ಹಳೆಯ ಬಾಕಿ ಇದೆ. ವಚನವೇ ಜಗತ್ತಿನ ಮೊದಲ ರ‍್ಯಾಪ್ ಎಂದು ವೇದಿಕೆಗಳಲ್ಲಿ ಹೇಳುವವರಿದ್ದಾರೆ. ವಚನವನ್ನು ಹೀಗೆ ಎಳೆದು ತರುವುದರಿಂದ ವಚನಕ್ಕೂ ಮಾನವಿಲ್ಲ, ರ‍್ಯಾಪಿಗೂ ಲಾಭವಿಲ್ಲ. ನಿಜವಾದ ನಂಟು ಬೇಕಿದ್ದವರು ಗೀಗೀ ಮೇಳದ ಮುಂದೆ ಕೂರಲಿ. ಕೈಯಲ್ಲಿ ದಪ್ಪು, ಹಿಂದೆ ತುಂತುಣಿ, ಸವಾಲಿಗೆ ಜವಾಬು. ಗಂಡು ಹೆಚ್ಚೆಂದು ಹರದೇಶಿ, ಹೆಣ್ಣು ಹೆಚ್ಚೆಂದು ನಾಗೇಶಿ ಬೆಳತನಕ ವಾದ ಹಾಡುತ್ತಾರೆ. ಲಾವಣಿಕಾರ ಕೊನೆಯ ನುಡಿಯಲ್ಲಿ ತನ್ನ ಊರನ್ನೂ ಊರದೇವರನ್ನೂ ಹೆಸರಿಸುತ್ತಾನೆ. ನಾಸ್ ಕ್ಯಾಸೆಟ್ಟಿನ ಬದಿಗೆ ರಸ್ತೆಯ ಹೆಸರಿಟ್ಟದ್ದೂ ಇದೇ ಕೆಲಸ.

ಇಷ್ಟು ಬರೆಯುವಾಗ ದೇವರಗುಡ್ಡ ನೆನಪಾಯಿತು. ಆಲ್ಬಂ ಯಾರು ಕೇಳುತ್ತಾರೆ ಎಂಬ ಹುಡುಗನ ಪ್ರಶ್ನೆಗೆ ನನ್ನ ಉತ್ತರ ಅಲ್ಲೇ ಇತ್ತು ಎನಿಸುತ್ತಿದೆ. ದಸರೆಯಲ್ಲಿ ನಮ್ಮ ತಾಲ್ಲೂಕಿನ ಆ ಗುಡ್ಡಕ್ಕೆ ಕಾರ್ಣಿಕ ಕೇಳಲು ಜನ ಕಿಕ್ಕಿರಿದು ಸೇರುತ್ತಾರೆ. ಉಪವಾಸ ಹಿಡಿದ ಗೊರವಯ್ಯ ಎತ್ತರದ ಬಿಲ್ಲನ್ನೇರುತ್ತಾನೆ. ‘ಸದ್ದಲೇ’ ಎನ್ನುತ್ತಾನೆ. ಅಷ್ಟು ಹೊತ್ತು ಗದ್ದಲವಾಗಿದ್ದ ಬಯಲು ಉಸಿರು ಬಿಗಿಹಿಡಿಯುತ್ತದೆ. ಒಂದು ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆ ಸಾಲು ಮಳೆಗೆ ಅನ್ವಯಿಸಿತೋ, ಗೋವಿನಜೋಳದ ಬೆಳೆಗೋ, ರಾಜಕೀಯಕ್ಕೋ ಎಂದು ಚಹಾದಂಗಡಿಗಳಲ್ಲಿ ವರ್ಷವಿಡೀ ಚರ್ಚೆ.

ಒಂದೇ ಸಾಲು ಅಷ್ಟು ಬಾಳುವುದು ಹೇಗೆ? ಹಿಂದೆ ಉಪವಾಸವಿದೆ, ಬಿಲ್ಲಿದೆ, ‘ಸದ್ದಲೇ’ ಇದೆ. ಬಿಡಿ ಹಾಡಿಗೆ ಇದಾವುದೂ ಇಲ್ಲ; ಅದು ಗದ್ದಲದಲ್ಲೇ ಹುಟ್ಟಿ ಗದ್ದಲದಲ್ಲೇ ಕರಗುತ್ತದೆ. ಆಲ್ಬಂ ಎಂದರೆ ಕೇಳುಗನನ್ನು ಬಿಲ್ಲಿನ ಕೆಳಗೆ ತಂದು ನಿಲ್ಲಿಸುವ ಸಿದ್ಧತೆ. ನಾಸ್‌ನ ಆ ರೈಲಿನ ಸದ್ದು ‘ಸದ್ದಲೇ’ ಅಲ್ಲದೆ ಇನ್ನೇನು?

ಹುಡುಗನಿಗೆ ಇದನ್ನೇ ಹೇಳಿದೆ. ಕೂಗಬೇಡ ಎಂದೂ ಹೇಳಿದೆ. ಪಕ್ಕದ ಬ್ಯಾಡಗಿಯ ಮೆಣಸಿನಕಾಯಿ ಜಗತ್ತು ಸುತ್ತಿದ್ದು ಖಾರದಿಂದಲ್ಲ, ಬಣ್ಣದಿಂದ. ಅವನ ನಾಲ್ಕನೆಯ ಹಾಡಿನಲ್ಲಿ ಹಮಾಲರು ಬರುತ್ತಾರೆ, ಮಾರುಕಟ್ಟೆಯ ತಕ್ಕಡಿ ಬರುತ್ತದೆ, ‘ಮಾಡಾಕತ್ತೇನಿ’ ಎಂಬ ನಮ್ಮ ಮಾತು ನಾಚಿಕೆಯಿಲ್ಲದೆ ಬರುತ್ತದೆ. ಅಲ್ಲಿ ಬಣ್ಣವಿದೆ. ಉಳಿದ ಆರನ್ನೂ ಆ ಹಾಡಿನ ಓಣಿಗೆ ಕರೆದುಕೊಂಡು ಬಾ. ಒಂದು ಬದಿಗೆ ‘ಮೇಡ್ಲೇರಿ ರಸ್ತೆ’, ಇನ್ನೊಂದಕ್ಕೆ ‘ಹಲಗೇರಿ ರಸ್ತೆ’ ಎಂದು ಹೆಸರಿಡು ಎಂದೆ. ಅವನು ಏನೂ ಹೇಳದೆ ಫೋನಿಟ್ಟ.

ನಿನ್ನೆ ಮತ್ತೊಂದು ಕಡತ ಬಂತು. ಹಾಡಿಲ್ಲ. ಬೆಳಗಿನ ಜಾವದ ಮಾರುಕಟ್ಟೆ. ಚೀಲ ನೆಲಕ್ಕೆ ಬಿದ್ದ ಸದ್ದು, ಯಾರದೋ ಕೆಮ್ಮು, ತೂಕ ಕೂಗುವ ದನಿ, ಹಿಂದೆ ಸರಿಯುವ ಲಾರಿ. ನಲವತ್ತು ಸೆಕೆಂಡು. ಕೆಳಗೆ ಬರೆದಿದ್ದ: ‘ಮೊದಲ ಇದು ಸರ.’