ಚಿತ್ರಕಾರನ ಜಮಾಖರ್ಚು

ಕಲಾವಿದರ ಪತ್ರಗಳನ್ನು ಓದುವಾಗ ನಮ್ಮಲ್ಲಿ ಬಹುಮಂದಿಗೆ ಒಂದು ಅಭ್ಯಾಸವಿದೆ. ಸೌಂದರ್ಯದ ಮಾತು, ಬದುಕಿನ ಬೇಗೆಯ ಮಾತು, ದೇವರ ಮಾತು ಬಂದಾಗ ಪೆನ್ಸಿಲು ಹಿಡಿದು ಅಡಿಗೆರೆ ಎಳೆಯುತ್ತೇವೆ. ‘ಬಿಳಿ ಇಷ್ಟು ಟ್ಯೂಬು, ಹಳದಿ ಇಷ್ಟು ಟ್ಯೂಬು, ಕ್ಯಾನ್ವಾಸು ಇಷ್ಟು ಮೀಟರು’ ಎಂದು ಬಂದೊಡನೆ ಪುಟ ಮಗುಚುತ್ತೇವೆ. ಅದು ದಿನಸಿ ಅಂಗಡಿಯ ಚೀಟಿಯಂತೆ ಕಾಣುತ್ತದೆ. ಅದರಲ್ಲಿ ಸಾಹಿತ್ಯವೆಲ್ಲಿ ಬಂತು ಎಂದುಕೊಳ್ಳುತ್ತೇವೆ. ಆಯ್ದ ಪತ್ರಗಳ ಸಂಪುಟ ಮಾಡುವವರಿಗಂತೂ ಕತ್ತರಿ ಆಡಿಸಲು ಇದಕ್ಕಿಂತ ಸುಲಭವಾದ ಜಾಗ ಸಿಕ್ಕಲಾರದು.

ಈ ಅಭ್ಯಾಸ ತಪ್ಪು ಎಂಬುದು ನನ್ನ ವಾದ. ವಿನ್ಸೆಂಟ್ ವ್ಯಾನ್ ಗೋ ಬರೆದ ಪತ್ರಗಳ ಮಟ್ಟಿಗಾದರೂ, ಈ ಪಟ್ಟಿಗಳನ್ನು ಬಿಟ್ಟು ಓದುವವನು ಆ ಪತ್ರಗಳ ಬೆನ್ನೆಲುಬನ್ನೇ ಬಿಟ್ಟು ಓದಿದಂತೆ.

ಕವಿಗೂ ಚಿತ್ರಕಾರನಿಗೂ ಈ ವಿಷಯದಲ್ಲಿ ಒಂದು ದೊಡ್ಡ ಅಂತರವಿದೆ. ಹಲಗೆಯನ್ನೂ ಬಳಪವನ್ನೂ ಮುಟ್ಟದೆ ಕಾವ್ಯ ರಚಿಸುವುದು ತನ್ನ ಹೆಚ್ಚುಗಾರಿಕೆಗಳಲ್ಲೊಂದು ಎಂದು ನಮ್ಮ ಕುಮಾರವ್ಯಾಸ ಹೇಳಿಕೊಂಡ. ಆ ಹೆಮ್ಮೆ ಅವನಿಗೆ ಸಲ್ಲುತ್ತದೆ. ಚಿತ್ರಕಾರನಿಗೆ ಹಾಗೆ ಹೇಳಿಕೊಳ್ಳುವ ಭಾಗ್ಯವಿಲ್ಲ. ಅವನ ಕಲ್ಪನೆ ಎಷ್ಟೇ ಎತ್ತರಕ್ಕೆ ಹಾರಲಿ, ಕೊನೆಗೆ ಬಣ್ಣದಂಗಡಿಯ ಮುಂದೆ ಇಳಿಯಲೇಬೇಕು. ಇಬ್ಬರು ಚಿತ್ರಕಾರರು ಕಲೆತಾಗ ನಡೆಯುವ ಮಾತನ್ನು ಮರೆಯಲ್ಲಿ ನಿಂತು ಕೇಳಿದರೆ ಇದು ತಿಳಿಯುತ್ತದೆ. ಈ ಕಾಗದ ಎಲ್ಲಿ ಸಿಕ್ಕಿತು, ಬೆಲೆಯೇನು, ಈ ಕೆಂಪು ಬಿಸಿಲಿಗೆ ನಿಲ್ಲುತ್ತದೆಯೇ ಎಂಬುದೇ ಅವರ ಸಂಭಾಷಣೆ. ಹೊಸ ಬಣ್ಣದ ಪೆಟ್ಟಿಗೆ ಕೊಂಡವನು ಅದನ್ನು ಗೆಳೆಯನಿಗೆ ತೋರಿಸದೆ ಇರಲಾರ. ಹೊರಗಿನವರಿಗೆ ಇದು ವ್ಯಾಪಾರದ ಮಾತು. ಅವರಿಗಾದರೋ, ಕವಿಗಳು ಕಲೆತಾಗ ಛಂದಸ್ಸಿನ ಮಾತು ಬಂದಂತೆ, ಇದು ಕಸುಬಿನ ಒಳಮಾತು.

ಇಂಥ ಒಳಮಾತು ಪತ್ರಕ್ಕೆ ಇಳಿದದ್ದು ವ್ಯಾನ್ ಗೋನ ಕಾಲದಲ್ಲೇ ಮೊದಲಲ್ಲ. ಅವನಿಗಿಂತ ಸುಮಾರು 380 ವರ್ಷ ಹಿಂದೆ, 1508–09ರಲ್ಲಿ, ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ ಫ್ರಾಂಕ್‌ಫರ್ಟಿನ ವರ್ತಕ ಯಾಕೋಬ್ ಹೆಲ್ಲರನಿಗೆ ಬರೆದ ಕಾಗದಗಳು ಉಳಿದು ಬಂದಿವೆ. ಚರ್ಚಿಗಾಗಿ ಒಂದು ಪೂಜಾಫಲಕವನ್ನು ಬರೆದುಕೊಡಲು 130 ಫ್ಲಾರಿನ್‌ಗಳಿಗೆ ಒಪ್ಪಿದ್ದ ಡ್ಯೂರರ್, ಆಮೇಲೆ 200 ಕೇಳಿದ. ಅದಕ್ಕೆ ಅವನು ಕೊಟ್ಟ ಕಾರಣಗಳಲ್ಲಿ ಮುಖ್ಯವಾದದ್ದು ಬಣ್ಣ. ರಾಜಾವರ್ತದ ಕಲ್ಲನ್ನು ಅರೆದು ಮಾಡುವ ಅಲ್ಟ್ರಮರೀನ್ ನೀಲಿ ಆ ಕಾಲದಲ್ಲಿ ಬಲು ದುಬಾರಿ. ಅದನ್ನು ತಾನು ಐದಾರು ಸಲ ಪದರದ ಮೇಲೆ ಪದರವಾಗಿ ಬಳಿದಿರುವೆನೆಂದು ಅವನು ಲೆಕ್ಕ ಒಪ್ಪಿಸುತ್ತಾನೆ. ಇಲ್ಲಿ ಖರೀದಿಯ ಮಾತು ಗಿರಾಕಿಯ ಮುಂದೆ ಹೂಡಿದ ವಕೀಲಿ. ಆ ಫಲಕದ ನಡುಭಾಗ 1729ರಲ್ಲಿ ಮ್ಯೂನಿಕ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಇನ್ನೊಬ್ಬನು ತೆಗೆದ ನಕಲು ಮಾತ್ರ ಉಳಿದಿದೆ. ನೀಲಿ ಸುಟ್ಟುಹೋಯಿತು, ನೀಲಿಯ ಲೆಕ್ಕ ಉಳಿಯಿತು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಂಥದೇ ಇನ್ನೊಂದು ಮುಂದೆ ಬರುತ್ತದೆ.

ವ್ಯಾನ್ ಗೋನ ವಿಚಾರ ಬೇರೆ. ಅವನಿಗೆ ಹಣ ಕೊಡುತ್ತಿದ್ದವನು ಗಿರಾಕಿಯಲ್ಲ, ತಮ್ಮ. ಪ್ಯಾರಿಸ್ಸಿನ ಚಿತ್ರವ್ಯಾಪಾರದ ಸಂಸ್ಥೆಯೊಂದರಲ್ಲಿ ನೌಕರಿಯಲ್ಲಿದ್ದ ಥಿಯೋ, ತನ್ನ ಸಂಬಳದಿಂದ ಅಣ್ಣನನ್ನು ವರ್ಷಗಟ್ಟಲೆ ಸಾಕಿದ. ಅಣ್ಣ ಬರೆದವುಗಳಲ್ಲಿ ನಮಗೆ ಉಳಿದಿರುವ ಸುಮಾರು 820 ಪತ್ರಗಳ ಪೈಕಿ 650ಕ್ಕೂ ಹೆಚ್ಚು ಈ ತಮ್ಮನಿಗೇ ಬರೆದವು. ಅಂದಮೇಲೆ ಅವುಗಳಲ್ಲಿ ಖರ್ಚಿನ ಮಾತು ಬಂದಿರುವುದು ಆಶ್ಚರ್ಯವಲ್ಲ. ಆಶ್ಚರ್ಯವಿರುವುದು ಅದು ಬಂದಿರುವ ರೀತಿಯಲ್ಲಿ.

1882ರ ಆಗಸ್ಟಿನಲ್ಲಿ ಅವನು ಹೇಗ್ ಪಟ್ಟಣದಲ್ಲಿದ್ದ. ತಮ್ಮ ಬಂದು ನೋಡಿ, ಹಣ ಕೊಟ್ಟು ಹೋಗಿದ್ದ. ಖರ್ಚಿಗೆ ಅಂಜಿ ಅದುವರೆಗೆ ಬಹುಮಟ್ಟಿಗೆ ರೇಖಾಚಿತ್ರದಲ್ಲೇ ಇದ್ದವನು ಈಗ ಬಣ್ಣ, ಕುಂಚ, ಪೆಟ್ಟಿಗೆ ಎಲ್ಲವನ್ನೂ ಕೊಂಡ. ಕೊಂಡದ್ದನ್ನು ಒಂದೊಂದಾಗಿ ತಮ್ಮನಿಗೆ ಬರೆದು ತಿಳಿಸಿದ. ದೂರ ಹತ್ತಿರಗಳನ್ನು ಅಳೆದು ನೋಡಲು ದಾರ ಕಟ್ಟಿದ ಮರದ ಚೌಕಟ್ಟೊಂದನ್ನೂ ಮಾಡಿಸಿದ್ದ. ಸಮುದ್ರದಂಡೆಯ ಮರಳುದಿಬ್ಬದಲ್ಲಿ ಅದು ನೆಟ್ಟಗೆ ನಿಲ್ಲಬೇಕಲ್ಲ! ಅದಕ್ಕೆ ಕಮ್ಮಾರನಿಂದ ಕಾಲಿಗೆ ಕಬ್ಬಿಣದ ಮೊನೆಯನ್ನೂ ಮೂಲೆಗಳಿಗೆ ಕಬ್ಬಿಣದ ಕಟ್ಟನ್ನೂ ಹಾಕಿಸಿದ. ಪತ್ರದಲ್ಲಿ ಅದರ ಚಿತ್ರವನ್ನೂ ಬರೆದ. ಹೊಸ ನೇಗಿಲು ಮಾಡಿಸಿದ ರೈತ ಅದನ್ನು ನೆರೆಯವನಿಗೆ ತೋರಿಸುವಾಗ ಇರುವ ಸಂಭ್ರಮ ಈ ಪುಟಗಳಲ್ಲಿದೆ.

ಮರುವರ್ಷ ಮಾರ್ಚಿಯಲ್ಲಿ ಇನ್ನೊಂದು ಪ್ರಸಂಗ. ತಮ್ಮ ಹಿಂದೆ ತಂದುಕೊಟ್ಟಿದ್ದ, ನೆಲದಿಂದ ಅಗೆದು ತೆಗೆದ ಕಪ್ಪು ಸೀಮೆಸುಣ್ಣದಂಥ ಕಡ್ಡಿಯ ತುಂಡೊಂದು ವಿನ್ಸೆಂಟನ ಕೈಗೆ ಮತ್ತೆ ಸಿಕ್ಕಿತು. ಬರೆದು ನೋಡಿ ಹಿಗ್ಗಿದ. ಇನ್ನಷ್ಟು ಕಳಿಸು ಎಂದು ತಮ್ಮನಿಗೆ ಬರೆದ. ಗೆಳೆಯ ವ್ಯಾನ್ ರಪ್ಪಾರ್ಡನಿಗೂ ಅದರ ಗುಣವನ್ನು ವರ್ಣಿಸಿದ. ಕಾರ್ಖಾನೆಯಲ್ಲಿ ಮಾಡಿದ ಕಡ್ಡಿಗೆ ಜೀವವಿಲ್ಲ, ಇದಕ್ಕೆ ಜೀವವಿದೆ ಎಂಬುದು ಅವನ ಭಾವ. ನೋಡಲು ಒಂದೇ ತೆರನಾಗಿರುವ ಎರಡು ಪಿಟೀಲುಗಳಲ್ಲಿ ಒಂದು ಮಾತ್ರ ನಾದ ಕೊಡುವುದನ್ನು ಅವನು ಇಲ್ಲಿ ನೆನೆಯುತ್ತಾನೆ. ಇದನ್ನು ಖರೀದಿಯ ವರದಿ ಎನ್ನೋಣವೇ, ವಿಮರ್ಶೆ ಎನ್ನೋಣವೇ? ಸಾಧನದ ಗುಣವನ್ನು ಇಷ್ಟು ಸೂಕ್ಷ್ಮವಾಗಿ ಅರಿತು ಹೇಳಿದ ಮಾತು ನಮ್ಮ ಅಲಂಕಾರಶಾಸ್ತ್ರದ ಗುಣವಿಚಾರಕ್ಕೆ ದೂರವಾದುದಲ್ಲ.

ಇನ್ನು ಆರ್ಲ್ಸ್‌ನ ಪಟ್ಟಿ. 1888ರ ಫೆಬ್ರವರಿಯಲ್ಲಿ ವಿನ್ಸೆಂಟ್ ದಕ್ಷಿಣ ಫ್ರಾನ್ಸಿನ ಆ ಊರಿಗೆ ಹೋದ. ವಸಂತ ಬಂತು, ತೋಟಗಳೆಲ್ಲ ಹೂವಾದವು. ಏಪ್ರಿಲಿನಲ್ಲಿ ತಮ್ಮನಿಗೆ ಕಳಿಸಿದ ಬೇಡಿಕೆಯನ್ನು ನೋಡಿ: ಸೀಸದ ಬಿಳಿ ದೊಡ್ಡ ಟ್ಯೂಬು 20, ಸತುವಿನ ಬಿಳಿ 10, ವೆರೊನೀಸ್ ಹಸಿರು 15, ನಿಂಬೆಬಣ್ಣದ ಕ್ರೋಮ್ ಹಳದಿ 10, ಹೀಗೆಯೇ ಮುಂದಕ್ಕೆ. ಜಿರೇನಿಯಂ ಕೆಂಪಿನ ಸಣ್ಣ ಟ್ಯೂಬುಗಳೂ ಅದರಲ್ಲಿವೆ. ಕಂದು, ಮಣ್ಣುಬಣ್ಣಗಳ ಹಾಲೆಂಡನ್ನು ಅವನು ಹಿಂದೆ ಬಿಟ್ಟು ಬಂದಿದ್ದಾನೆ ಎಂಬುದನ್ನು ಯಾವ ವ್ಯಾಖ್ಯಾನವೂ ಈ ಅಂಕಿಗಳಷ್ಟು ಸ್ಪಷ್ಟವಾಗಿ ಹೇಳಲಾರದು. ಬರೆಯಬೇಕಾದ ಚಿತ್ರಗಳು ಇನ್ನೂ ಹುಟ್ಟಿಲ್ಲ. ಅವುಗಳ ಬಣ್ಣ ಮಾತ್ರ ಆಗಲೇ ಚೀಟಿಯಲ್ಲಿದೆ. ಬಸುರಿಯ ಬಯಕೆಯ ಪಟ್ಟಿ ಇದು.

ಆದರೆ ಬಯಕೆಯ ಬೆಲೆ ತೆರುವವರು ಯಾರು? ಈ ಪಟ್ಟಿಗಳಿಗಿರುವ ಭಾರ ಈ ಪ್ರಶ್ನೆಯಿಂದ ಬಂದದ್ದು. ಹೇಗ್‌ನ ದಿನಗಳಲ್ಲಿ ಥಿಯೋ ಕಳಿಸುತ್ತಿದ್ದುದು ತಿಂಗಳಿಗೆ ಸುಮಾರು 150 ಫ್ರಾಂಕ್. ಅದರಲ್ಲೇ ಅನ್ನ, ಬಾಡಿಗೆ, ಮುಂದೆ ಕೂತವರಿಗೆ ಕೂಲಿ, ಬಣ್ಣ ಎಲ್ಲವೂ ಆಗಬೇಕು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಕಡೆ ಹೇಳುತ್ತಾರೆ. ನೆರೆಹೊರೆಯವರು ಅವನನ್ನು ಕಂಡು ಹಾಗೆಯೇ ಅಂದುಕೊಂಡಿರಬಹುದು. 1884ರಲ್ಲಿ ಅವನು ಒಂದು ಉಪಾಯ ಹೂಡಿದ. ನೀನು ಕೊಡುವುದನ್ನು ದಾನವೆಂದು ಎಣಿಸಬೇಡ, ನನ್ನ ಕೆಲಸದ ಬೆಲೆಯೆಂದು ಎಣಿಸು, ಚಿತ್ರಗಳು ನಿನ್ನವು, ಎಂಬುದು ಅದರ ತಿರುಳು. ಅಲ್ಲಿಂದಾಚೆಗೆ ಪ್ರತಿಯೊಂದು ಟ್ಯೂಬೂ ಸಾಲವೂ ಹೌದು, ಬಂಡವಾಳವೂ ಹೌದು. ಹಣದ ಅಡಚಣೆ ಬಂದಾಗ ಬಣ್ಣವನ್ನು ಬದಿಗಿಟ್ಟು ಚಿತ್ರ ಗೀಚುವುದೂ ಅವನಿಗೆ ಗೊತ್ತಿತ್ತು. ಆರ್ಲ್ಸ್‌ನಲ್ಲಿ ಬೆಳೆಯುವ ಜೊಂಡನ್ನು ಕೊಯ್ದು, ಹೆರೆದು ಲೇಖನಿ ಮಾಡಿಕೊಂಡ. ಹಾಲೆಂಡಿನಲ್ಲಿ ಸಿಗುತ್ತಿದ್ದ ಜೊಂಡಿಗಿಂತ ಇಲ್ಲಿಯದು ಉತ್ತಮವೆಂದು ಬರೆದ. ಬಿಡಿಗಾಸು ಖರ್ಚಿಲ್ಲದ ಆ ಸಾಧನದಿಂದ ಹೊರಟ ರೇಖಾಚಿತ್ರಗಳು ಅವನ ಅತ್ಯುತ್ತಮ ಕೃತಿಗಳ ಸಾಲಿನಲ್ಲಿ ನಿಲ್ಲುತ್ತವೆ.

ವಿಮರ್ಶಕನಾದವನು ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ವಿನ್ಸೆಂಟನ ಪತ್ರಗಳಲ್ಲಿ ಕೃತಜ್ಞತೆಯೊಂದೇ ಇಲ್ಲ, ಮೊಂಡುತನವೂ ಇದೆ. ನನ್ನ ಚಿತ್ರಗಳನ್ನು ಮಾರಲು ನೀನು ಪ್ರಯತ್ನಿಸಿಲ್ಲವೆಂದು ಅನ್ನ ಕೊಟ್ಟ ತಮ್ಮನನ್ನೇ ಅವನು ಚುಚ್ಚಿದ್ದುಂಟು. ಥಿಯೋ ಅವನಿಗೆ ಬರೆದ ಪತ್ರಗಳಲ್ಲಿ ಉಳಿದಿರುವುದು 40ರ ಸುಮಾರು ಮಾತ್ರ. ಬೇಡಿದವನ ಧ್ವನಿ ನಮ್ಮ ಕಿವಿ ತುಂಬುತ್ತದೆ. ಕೊಟ್ಟವನ ಧ್ವನಿ ಅಲ್ಲಲ್ಲಿ ಮಾತ್ರ ಕೇಳುತ್ತದೆ. 1890ರ ಜುಲೈ 29ರಂದು ಅಣ್ಣ ಸತ್ತ. ಆರು ತಿಂಗಳು ತುಂಬುವ ಮೊದಲೇ, 1891ರ ಜನವರಿಯಲ್ಲಿ, ತಮ್ಮನೂ ಹೋದ. ಥಿಯೋಗೆ ಬರೆದ ಆ ಪತ್ರಗಳನ್ನು 1914ರಲ್ಲಿ ಅಚ್ಚು ಹಾಕಿಸಿದವಳು ಅವನ ಹೆಂಡತಿ ಯೋ. ಆ ಖರೀದಿಪಟ್ಟಿಗಳ ಹಣ ಒಂದು ಕಾಲಕ್ಕೆ ಅವಳ ಸಂಸಾರದಿಂದಲೂ ಹೋಗಿತ್ತೆಂಬುದನ್ನು ನೆನೆದರೆ ಅವಳ ಮೇಲೆ ಗೌರವ ಹೆಚ್ಚುತ್ತದೆ.

ಈಗ ಮೊದಲೇ ಸೂಚಿಸಿದ ಸಂಗತಿಗೆ ಬರೋಣ. ಆ ಪಟ್ಟಿಯಲ್ಲಿದ್ದ ಜಿರೇನಿಯಂ ಕೆಂಪು 1870ರ ದಶಕದಲ್ಲಿ ರಸಾಯನಶಾಸ್ತ್ರ ಕೊಟ್ಟ ಇಯೋಸಿನ್ ಎಂಬ ಹೊಸ ಬಣ್ಣದಿಂದ ಮಾಡಿದ್ದು. ನೋಡಲು ಬೆಂಕಿಯಂತಿದ್ದರೂ ಬೆಳಕಿಗೆ ನಿಲ್ಲದು. ವಿನ್ಸೆಂಟ್ ಇದನ್ನು ಅರಿಯದವನಲ್ಲ. ಹೊಸ ಪಂಥದವರು ಬಳಕೆಗೆ ತಂದ ಬಣ್ಣಗಳು ಬಾಳುವಂಥವಲ್ಲ, ಆದ್ದರಿಂದಲೇ ಅವನ್ನು ಹೆದರದೆ ಗಾಢವಾಗಿ ಹಚ್ಚಬೇಕು, ಕಾಲ ಅವನ್ನು ತಾನೇ ತಗ್ಗಿಸುತ್ತದೆ ಎಂದು ಅದೇ ಏಪ್ರಿಲಿನಲ್ಲಿ ತಮ್ಮನಿಗೆ ತಿಳಿಸಿದ್ದ. ಕಾಲ ಅವನು ಎಣಿಸಿದ್ದಕ್ಕಿಂತ ಹೆಚ್ಚು ಕೆಲಸ ಮಾಡಿತು. 1888ರ ಅಕ್ಟೋಬರಿನಲ್ಲಿ ಬರೆದ ‘ಮಲಗುವ ಕೋಣೆ’ಯ ಗೋಡೆ ತಿಳಿನೇರಳೆ ಎಂದು ಪತ್ರ ಹೇಳುತ್ತದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ ಇಂದು ಅದನ್ನು ನೋಡುವವರಿಗೆ ಕಾಣುವುದು ನೀಲಿ ಗೋಡೆ. ನೇರಳೆಯೊಳಗಿನ ಕೆಂಪು ಹೋಗಿ ನೀಲಿ ಉಳಿದಿದೆ. 1890ರ ಮೇ ತಿಂಗಳಲ್ಲಿ ಬರೆದ ಗುಲಾಬಿಗಳೂ ಹಾಗೆಯೇ. ನಸುಗೆಂಪಾಗಿದ್ದವು ಈಗ ಬಹುಮಟ್ಟಿಗೆ ಬಿಳಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ 2015ರಲ್ಲಿ ಆ ಗುಲಾಬಿಗಳ ಮತ್ತು ಐರಿಸ್ ಹೂಗಳ ನಾಲ್ಕು ಚಿತ್ರಗಳನ್ನು ಒಂದೆಡೆ ಸೇರಿಸಿ, ಕಳೆದುಹೋದ ಬಣ್ಣದ ಕಥೆಯನ್ನು ಜನರ ಮುಂದಿಟ್ಟಿತು.

ಕಳೆದದ್ದನ್ನು ಕಂಡುಹಿಡಿಯುವವರಿಗೆ ಸಾಕ್ಷಿಗಳು ಎರಡು: ಒಂದು, ಚಿತ್ರದಿಂದ ಸಾಸಿವೆಗಿಂತ ಚಿಕ್ಕ ಕಣವನ್ನು ತೆಗೆದು ನಡೆಸುವ ಪರೀಕ್ಷೆ, ಇನ್ನೊಂದು, ಈ ಪತ್ರಗಳು. ಯಾವ ಬಣ್ಣವನ್ನು ಎಂದು ತರಿಸಿದ, ಯಾವ ಚಿತ್ರಕ್ಕೆ ಹಚ್ಚಿದೆನೆಂದು ಬರೆದ ಎಂಬುದರಿಂದ ನಾವು ಇಂದು ಆ ಗೋಡೆಯನ್ನು ಮತ್ತೆ ನೇರಳೆಯಾಗಿ ಕಾಣಬಲ್ಲೆವು. ಡ್ಯೂರರನ ನೀಲಿಯನ್ನು ಬೆಂಕಿ ನುಂಗಿತು, ವಿನ್ಸೆಂಟನ ಕೆಂಪನ್ನು ಬೆಳಕು ನುಂಗಿತು; ಎರಡಕ್ಕೂ ಉಳಿದ ಸಾಕ್ಷಿ ಜಮಾಖರ್ಚು. ನಾವು ಪುಟ ಮಗುಚಿ ಬಿಟ್ಟ ದಿನಸಿ ಚೀಟಿ ಚಿತ್ರಕ್ಕಿಂತ ಹೆಚ್ಚು ಬಾಳಿತು.

ಹಾಗೆಂದು ಚಿತ್ರಕಾರರ ಖರೀದಿಯ ಮಾತೆಲ್ಲವೂ ಸಾಹಿತ್ಯವಾಗದು. ಕೊಂಡದ್ದನ್ನು ತೋರಿಸುವುದರಲ್ಲೇ ತೃಪ್ತಿ ಮುಗಿದು ಕುಂಚ ಒದ್ದೆಯಾಗದೆ ಉಳಿದರೆ, ಅದು ಮದುವೆಯಾಗದವನು ಹೊಲಿಸಿಟ್ಟ ಮದುವೆಯ ಅಂಗಿ. ಖರೀದಿಯ ಮಾತಿಗೆ ಬೆಲೆ ಬರಬೇಕಾದರೆ ಅದರ ಹಿಂದೆ ಒಂದು ಋಣವಿರಬೇಕು, ಮುಂದೆ ಒಂದು ಕೃತಿಯಿರಬೇಕು. ವಿನ್ಸೆಂಟನ ಪಟ್ಟಿಗಳಲ್ಲಿ ಎರಡೂ ಇವೆ. ಅವನು ತಮ್ಮನಿಗೆ ತೀರಿಸಲಾಗದ ಋಣ ಅದು. ತೀರಿಸಲು ಬರೆದ ಚಿತ್ರಗಳು ಇವು.

ನಮ್ಮ ಭಾಷೆಯಲ್ಲಿ ‘ವರ್ಣ’ವೆಂದರೆ ಬಣ್ಣವೂ ಹೌದು, ಅಕ್ಷರವೂ ಹೌದು. ಶ್ಲೇಷೆಗೆ ಒದಗುವ ಮಾತೆಂದು ಇದುವರೆಗೆ ತಿಳಿದಿದ್ದೆ. ಬಣ್ಣ ಮಾಸಿದಾಗ ಅದರ ಸ್ಥಾನವನ್ನು ಅಕ್ಷರ ಹಿಡಿದು ನಿಂತದ್ದನ್ನು ಈ ಪತ್ರಗಳಲ್ಲಿ ಕಂಡ ಮೇಲೆ ಅದು ಬರಿಯ ಶ್ಲೇಷೆಯಾಗಿ ತೋರುತ್ತಿಲ್ಲ. ಇವನ್ನು ಮುಂದೆ ಯಾರೇ ಕನ್ನಡಕ್ಕೆ ತರಲಿ, ಆ ಟ್ಯೂಬುಗಳ ಲೆಕ್ಕವನ್ನು ದಯಮಾಡಿ ಬಿಡದಿರಲಿ.